ವೈನಿ, ಮೊದಲು ಹೂದಾನಿಯ ತಳ ನೋಡಿ

ವೈನಿ, ಮೆಸೇಜ್ ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಾದಾಗ ಕೇಳಿ. ಮಾಳಮಡ್ಡಿ ಮನೆಯ ಕಪಾಟು ಖಾಲಿ ಮಾಡುವಾಗ ಸಿಕ್ಕ ನೀಲಿ ಹೂದಾನಿಯ ಫೋಟೋ ಹಾಕಿ, ಇದು ಇಟಲಿಯ ಮುರಾನೋ ದ್ವೀಪದ ಗಾಜಾ, ಹಳೆ ಸಾಮಾನು ಕೊಳ್ಳುವವರಿಗೆ ಕೊಟ್ಟುಬಿಡೋಣವಾ ಅಂತ ಕೇಳಿದ್ದೀರಿ. ಸದ್ಯ ಯಾರಿಗೂ ಕೊಡಬೇಡಿ. ಅವರು "ಇಟಲಿ ಮಾಲು ಖರೆ, ಆದರೆ ಒಳಗೆ ಗುಳ್ಳೆ ಅದಾವು, ರೇಟ್ ಬರಂಗಿಲ್ಲ" ಅಂದರಂತಲ್ಲ, ಆ ಮಾತು ನನಗೆ ಒಪ್ಪಿಗೆ ಇಲ್ಲ.

ಯಾಕೆ ಅಂತ ಹೇಳ್ತೀನಿ. ಮುಂಚೆ ಬಿಸಿ ಗಾಜಿನ ಕೆಲಸ ಅಂದರೆ ಬಹುತೇಕ ಕಾರ್ಖಾನೆ ಕೆಲಸ. ಕಲಾವಿದರು ಕಾಗದದ ಮೇಲೆ ಚಿತ್ರ ಬರೆದುಕೊಡುತ್ತಿದ್ದರು, ಊದುವವರು ಬೇರೆ. 1962ರಲ್ಲಿ ಅಮೆರಿಕದ ಟೊಲೆಡೋ ಮ್ಯೂಸಿಯಂನಲ್ಲಿ ಹಾರ್ವೆ ಲಿಟಲ್ಟನ್ ಅನ್ನುವವರು ಒಂದು ಕಾರ್ಯಾಗಾರ ನಡೆಸಿದರು. ಅವರು ಕುಂಬಾರಿಕೆ ಕಲಿಸುವ ಮೇಷ್ಟ್ರು. ಸಣ್ಣ ಭಟ್ಟಿ ಕಟ್ಟಿದರು, ಆದರೆ ಮೊದಲು ಹಾಕಿದ ಮಿಶ್ರಣ ಸರಿಯಾಗಿ ಕರಗಲಿಲ್ಲ. ಆಗ ಡೊಮಿನಿಕ್ ಲಬೀನೋ ಅನ್ನುವ ಗಾಜಿನ ತಜ್ಞರು, ಫೈಬರ್ ಗ್ಲಾಸ್ ಮಾಡಲು ಬಳಸುವ ಗೋಲಿಗಳನ್ನು ಹಾಕಿ ನೋಡಿ ಅಂದರು. ಗಾಜಿನ ಗೋಲಿ ವೈನಿ! ಅವು ಚೆನ್ನಾಗಿ ಕರಗಿದವು, ಅಲ್ಲಿದ್ದವರು ತಾವೇ ಊದಲು ಶುರು ಮಾಡಿದರು. ಕಲಾವಿದರೇ ತಮ್ಮ ಸಣ್ಣ ಭಟ್ಟಿಯ ಮುಂದೆ ನಿಂತು ಮಾಡುವ ಈ ಗಾಜಿಗೆ ಸ್ಟುಡಿಯೋ ಗ್ಲಾಸ್ ಅಂತಾರೆ. ಮೊದಮೊದಲು ಎಲ್ಲರೂ ಕಲಿಯುವವರೇ. ಹಾಗಾಗಿ ಆ ಕಾಲದ ತುಂಡುಗಳು ದಪ್ಪ ಇರ್ತವೆ, ಒಂದು ಕಡೆ ವಾಲಿರ್ತವೆ, ಗುಳ್ಳೆ ಇರ್ತವೆ. ಅದು ಐಬಲ್ಲ.

ಲಿಟಲ್ಟನ್ ಅವರ ಶಿಷ್ಯ ಸ್ಯಾಮ್ ಹರ್ಮನ್ ಇದನ್ನು ಲಂಡನ್ನಿಗೆ ಒಯ್ದರು. ಅಲ್ಲಿ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಪಾಠ ಮಾಡುತ್ತಿದ್ದ ಮೈಕಲ್ ಹ್ಯಾರಿಸ್ 1968ರಲ್ಲಿ ಮಾಲ್ಟಾ ದ್ವೀಪದಲ್ಲಿ ಮ್ದೀನಾ ಗ್ಲಾಸ್ ಅನ್ನುವ ಗಾಜಿನ ಸ್ಟುಡಿಯೋ ಶುರು ಮಾಡಿದರು, 1973ರಲ್ಲಿ ಇಂಗ್ಲೆಂಡಿನ ಐಲ್ ಆಫ್ ವೈಟ್‌ನಲ್ಲಿ ಇನ್ನೊಂದು. ನಮ್ಮ ಕಾಕಾ ಇಂಗ್ಲೆಂಡಿನಿಂದ ವಾಪಸ್ ಬಂದದ್ದು ಎಪ್ಪತ್ತರ ದಶಕದ ಕೊನೆಗೆ ಅಲ್ವಾ? ಸಮುದ್ರದ ನೀಲಿ, ಒಳಗೆ ಉಸುಕಿನ ಬಣ್ಣದ ಸುಳಿ. ನನ್ನ ಮನಸ್ಸು ಮುರಾನೋ ಬಿಟ್ಟು ಹ್ಯಾರಿಸ್ ಕಡೆಗೇ ಎಳೆಯುತ್ತಿದೆ. ಆದರೂ ಬಣ್ಣ ನೋಡಿ ಹೆಸರು ಹೇಳಬಾರದು. ಬಣ್ಣದ ಗಾಜಿನ ಮೇಲೆ ತಿಳಿಗಾಜಿನ ದಪ್ಪ ಪದರ ಬರುವ ಮುರಾನೋ ಶೈಲಿಯನ್ನು ಎಷ್ಟೋ ದೇಶಗಳಲ್ಲಿ ನಕಲು ಮಾಡಿದ್ದಾರೆ.

ಅದಕ್ಕೇ ತಳ ನೋಡಬೇಕು. ಊದಿದ ಹೂದಾನಿಯ ಬಾಯಿ ತಿದ್ದುವಾಗ ಅದರ ಬುಡಕ್ಕೆ ಒಂದು ಕಬ್ಬಿಣದ ಸಳಿ ಅಂಟಿಸಿ ಹಿಡಿದಿರುತ್ತಾರೆ. ಕೆಲಸ ಮುಗಿದ ಮೇಲೆ ತಟ್ಟಿ ಬಿಡಿಸಿದರೆ ಅಲ್ಲಿ ಒರಟು ಗುರುತು ಉಳಿಯುತ್ತೆ. ಅದಕ್ಕೆ ಪಾಂಟಿಲ್ ಗುರುತು ಅಂತಾರೆ. ಕೆಲವರು ಅದನ್ನು ಸಾಣೆ ಹಿಡಿದು ನುಣುಪು ಮಾಡ್ತಾರೆ, ಆಗ ಗುಂಡಗಿನ ಸಣ್ಣ ತಗ್ಗು ಕಾಣುತ್ತೆ. ಇದು ಕೈಕೆಲಸಕ್ಕೆ ಸಾಕ್ಷಿ ಅಷ್ಟೇ, ಹಳೆಯದು ಅನ್ನೋದಕ್ಕಲ್ಲ, ಇವತ್ತೂ ಹಾಗೇ ಮಾಡ್ತಾರೆ. ಹಳೆಯದಾದರೆ ತಳ ನೆಲಕ್ಕೆ ತಾಗುವ ಅಂಚಿನಲ್ಲಿ ಮಾತ್ರ ಕೂದಲೆಳೆಯಂಥ ಗೀರುಗಳು ದಿಕ್ಕಾಪಾಲಾಗಿ ಇರ್ತವೆ. ಎಲ್ಲ ಗೀರೂ ಒಂದೇ ದಿಕ್ಕಿಗಿದ್ದರೆ ಯಾರೋ ಸ್ಯಾಂಡ್ ಪೇಪರ್ ಉಜ್ಜಿದ್ದಾರೆ ಅಂತ ಅನುಮಾನ ಪಡಬೇಕು.

ನಿಮ್ಮ ಎರಡನೇ ಫೋಟೋದಲ್ಲಿ ತಳದ ನಡುವೆ ಏನೋ ಒತ್ತಿದ ಹಾಗೆ ಕಾಣ್ತಿದೆ, ಆದರೆ ಮಸುಕು. ಐಲ್ ಆಫ್ ವೈಟ್‌ನ ಹಳೆಯ ತುಂಡುಗಳಲ್ಲಿ ಅಲ್ಲಿ ಬೆಂಕಿಯ ಜ್ವಾಲೆಯ ಅಚ್ಚು ಇರುತ್ತೆ. ಮ್ದೀನಾ ಆದರೆ ಹೆಸರು ಗೀಚಿರಬಹುದು, ಇಲ್ಲದೆಯೂ ಇರಬಹುದು. ಬೆರಳಿಗೆ ಮುಖದ ಪೌಡರ್ ಹಚ್ಚಿ ಅಲ್ಲಿ ಮೆಲ್ಲಗೆ ಸವರಿ, ಅಕ್ಷರ ಇದ್ದರೆ ಎದ್ದು ಕಾಣುತ್ತೆ. ರಂಗೋಲಿ ಪುಡಿ ಮಾತ್ರ ಬೇಡ, ಗಾಜಿಗೆ ಗೀರು ಬೀಳುತ್ತೆ. ಮುಂಜಾನೆ ಕಿಟಕಿ ಹತ್ತಿರ ಓರೆ ಬೆಳಕಿನಲ್ಲಿ ಫೋಟೋ ತೆಗೆದು ಹಾಕಿ.

ಚೀಟಿ ಏನಾದರೂ ಅಂಟಿದ್ದರೆ ಕೀಳಬೇಡಿ. ಚೀಟಿಯನ್ನೇ ನಂಬಲೂಬೇಡಿ. "ವೆತ್ರೋ ಆರ್ತಿಸ್ತಿಕೋ ಮುರಾನೋ" ಅನ್ನುವ ಟ್ರೇಡ್‌ಮಾರ್ಕ್ ಬಂದದ್ದೇ 1994ರ ಕಾನೂನಿನಿಂದ. ಎಪ್ಪತ್ತರ ದಶಕದ್ದು ಅಂತ ಹೇಳಿ ಆ ಚೀಟಿ ತೋರಿಸಿದರೆ ಲೆಕ್ಕ ಕೂಡಲ್ಲ. ಬೆಲೆಗೂ ಹಾಗೇ, ಮಾರುವವರು ಬರೆದ ರೇಟ್ ಬಿಡಿ, ಹರಾಜಿನಲ್ಲಿ ನಿಜವಾಗಿ ಎಷ್ಟಕ್ಕೆ ಹೋಯಿತು ಅದನ್ನು ನೋಡೋಣ.

ತೊಳೆಯೋದಾದರೆ ಸಿಂಕಿನಲ್ಲಿ ಬೇಡ. ಪ್ಲಾಸ್ಟಿಕ್ ಟಬ್ಬಿನಲ್ಲಿ ಟವೆಲ್ ಹಾಸಿ, ಉಗುರುಬೆಚ್ಚಗಿನ ನೀರು, ಒಂದೆರಡು ಹನಿ ಸೋಪು. ಸುಡುಸುಡು ನೀರು ಹಾಕಿದರೆ ದಪ್ಪ ಗಾಜು ಫಟ್ ಅಂತ ಸೀಳಬಹುದು. ಒಳಗಿನ ಬಿಳಿ ಪೊರೆ ಬೋರ್‌ವೆಲ್ ನೀರಿನ ಉಪ್ಪಾಗಿದ್ದರೆ ವಿನೆಗರ್ ಹಾಕಿಟ್ಟರೆ ಬಿಡುತ್ತೆ. ಬಿಡದಿದ್ದರೆ ಗಾಜೇ ಸವೆದಿದೆ ಅಂತ, ಆಮೇಲೆ ಉಜ್ಜಬೇಡಿ.

ಇನ್ನೊಂದು ವೈನಿ, ಫೋಟೋದಲ್ಲಿ ಹಿಂದೆ ಒಂದು ಕಂದೀಲಿನ ಗಾಜು ಕಾಣ್ತಿದೆ. ಅದನ್ನೂ ಗುಜರಿಗೆ ಹಾಕಬೇಡಿ. ನಮ್ಮ ಕಡೆ ಮನೆಮನೆಯಲ್ಲಿದ್ದ ಪ್ರಭಾಕರ ಕಂದೀಲು ಓಗಲೆ ಗಾಜಿನ ಕಾರ್ಖಾನೆಯದು. ಪುಣೆ ರೈಲಿನಲ್ಲಿ ಹೋಗುವಾಗ ಕರಾಡ ಸ್ಟೇಷನ್ ಬರುತ್ತಲ್ಲ, ಆ ಸ್ಟೇಷನ್ ಇರೋದೇ ಆ ಕಾರ್ಖಾನೆಯ ಊರು ಓಗಲೇವಾಡಿಯಲ್ಲಿ. ಕಂದೀಲಿನ ಗಾಜಿನ ಮೇಲೆ ಏನು ಬರೆದಿದೆ ಅಂತಲೂ ಒಂದು ಫೋಟೋ ಕಳಿಸಿ. ಹೂದಾನಿ ಯಾರಿಗೆ ಬೇಕೋ ತಗೊಳ್ಳಲಿ, ಆ ಕಂದೀಲಿನ ಗಾಜು ನಾನು ಇಟ್ಟುಕೊಳ್ತೀನಿ.