ಹಳೇ ಪಿಎಸ್4, ತಮ್ಮನ ಸೀರೀಸ್ ಎಸ್, ಇಲ್ಲಾ ಹೊಸ ಪಿಎಸ್5: ಎರಡನೇ ಭಾಗ ಯಾವುದಕ್ಕೆ ತಗೊಳ್ಳೋದು?

ಪ್ರಶ್ನೆ, ನಾಪೋಕ್ಲು ಕಡೆಯಿಂದ

‘ಸ್ಟಾರ್ ವಾರ್ಸ್ ಜೆಡೈ’ ಸರಣಿಯ ಮೊದಲ ಆಟ ಫಾಲನ್ ಆರ್ಡರ್ 500 ಜಿಬಿ ಪಿಎಸ್4 (ಸೋನಿಯ ಪ್ಲೇಸ್ಟೇಷನ್ 4) ಸ್ಲಿಮ್‌ನಲ್ಲಿ ಮುಗಿದಿದೆ. ಈಗ ಎರಡನೆಯದು, ಸರ್ವೈವರ್, ಬೇಕು. ಮನೆಯಲ್ಲಿ ತಮ್ಮನ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಇದೆ. ಪಿಎಸ್5 ಕೊಂಡು ಅದರಲ್ಲೇ ಆಡೋಣವಾ ಅಂತಲೂ ಯೋಚನೆ. ನೆಟ್ ಫೈಬರ್, 30 ಎಂಬಿಪಿಎಸ್. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಮೂರ್ನಾಲ್ಕು ದಿನ ಇರಲ್ಲ, ಆಗ ಮೊಬೈಲ್ ಹಾಟ್‌ಸ್ಪಾಟ್ ಗತಿ. ಟಿವಿ 43 ಇಂಚು, ಫುಲ್ ಎಚ್‌ಡಿ. ಯಾವುದಕ್ಕೆ ತಗೊಂಡರೆ ದುಡ್ಡು ದಂಡ ಆಗಲ್ಲ? ಡಿಸ್ಕಾ, ಡಿಜಿಟಲ್ಲಾ?

ಮಡಿಕೇರಿ

ಮೊದಲು ಒಂದು ವಿಷಯ. ಒಂದೇ ಹೆಸರಿನಲ್ಲಿ ಮಾರಿದರೂ ಮೂರು ಯಂತ್ರದಲ್ಲಿ ಅದು ಒಂದೇ ಆಟ ಅಲ್ಲ. ಸರ್ವೈವರ್ 2023ರ ಏಪ್ರಿಲ್ 28ಕ್ಕೆ ಬಂದಾಗ ಪಿಎಸ್5, ಸೀರೀಸ್ ಎಕ್ಸ್/ಎಸ್ ಮತ್ತು ಪಿಸಿಗೆ ಮಾತ್ರ ಇತ್ತು. ಪಿಎಸ್4 ಆವೃತ್ತಿ ಬಂದದ್ದು 2024ರ ಸೆಪ್ಟೆಂಬರ್ 17ಕ್ಕೆ, ಹೆಚ್ಚುಕಮ್ಮಿ ಒಂದೂವರೆ ವರ್ಷ ತಡವಾಗಿ, ದೊಡ್ಡ ಯಂತ್ರಕ್ಕೆ ಮಾಡಿದ್ದನ್ನು ಕತ್ತರಿಸಿ ಹೊಲಿದು. ಪಿಎಸ್5ನಲ್ಲೂ ಮೊದಲ ತಿಂಗಳುಗಳಲ್ಲಿ ಆಟ ಎಳೆದಾಡುತ್ತಿತ್ತು. ಪರ್ಫಾರ್ಮೆನ್ಸ್ ಮೋಡ್ (ಅಂದಕ್ಕಿಂತ ವೇಗಕ್ಕೆ ಒತ್ತು ಕೊಡುವ ಆಯ್ಕೆ) ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರದ ಹತ್ತಿರ ನಿಂತದ್ದು 2023ರ ಸೆಪ್ಟೆಂಬರ್‌ನ ದೊಡ್ಡ ಪ್ಯಾಚ್ (ತಿದ್ದುಪಡಿ) ಆದಮೇಲೆ. ಆ ಮೋಡ್‌ನಲ್ಲಿ ಬೆಳಕು ನೆರಳನ್ನು ನಿಜದಂತೆ ತೋರಿಸುವ ರೇ ಟ್ರೇಸಿಂಗನ್ನೇ ತೆಗೆದುಹಾಕಿ ಆ ವೇಗ ತಂದರು. ಸೀರೀಸ್ ಎಸ್‌ನಲ್ಲಿ ಆ ಆಯ್ಕೆಯೇ ಇಲ್ಲ, 30 ಫ್ರೇಮ್ ಅಷ್ಟೆ.

ಹಳೇ ಯಂತ್ರಕ್ಕೆ ಹೊಸ ಭಾಗ ಕೊಳ್ಳುವವರು ಸೈಬರ್‌ಪಂಕ್ 2077 ನೆನಪಿಟ್ಟುಕೊಳ್ಳಬೇಕು. 2020ರ ಡಿಸೆಂಬರ್ 10ಕ್ಕೆ ಬಿಡುಗಡೆ, ವಾರ ಕಳೆಯುವಷ್ಟರಲ್ಲಿ ಸೋನಿ ತನ್ನ ಅಂಗಡಿಯಿಂದಲೇ ಅದನ್ನು ಇಳಿಸಿತು. ವಾಪಸ್ ಬಂದದ್ದು 2021ರ ಜೂನ್‌ಗೆ. ಆಮೇಲೆ 2023ರಲ್ಲಿ ಬಂದ ವಿಸ್ತರಣೆ ಫ್ಯಾಂಟಮ್ ಲಿಬರ್ಟಿ ಪಿಎಸ್4ಗೆ ಬರಲೇ ಇಲ್ಲ. ಹೊರೈಜನ್ ಫರ್ಬಿಡನ್ ವೆಸ್ಟ್ ಕತೆಯೂ ಅದೇ: ಆಟ ಎರಡಕ್ಕೂ ಇತ್ತು, ಅದರ ವಿಸ್ತರಣೆ ಬರ್ನಿಂಗ್ ಶೋರ್ಸ್ ಮಾತ್ರ ಪಿಎಸ್5ಗೆ. ಅಂದರೆ ಪಿಎಸ್4ಗೆ ಕೊಂಡವರಿಗೆ ಅರ್ಧದಾರಿಯಲ್ಲಿ ಬಸ್ಸಿನಿಂದ ಇಳಿಸಿದ ಹಾಗೆ.

ಯೂಟ್ಯೂಬ್‌ನಲ್ಲಿ ನೋಡುವಾಗ ‘ಪಿಎಸ್4 ಪ್ರೋ’ ವಿಡಿಯೋ ನೋಡಿ ಮೋಸ ಹೋಗಬೇಡಿ. ಅದು ಹೆಚ್ಚು ಶಕ್ತಿಯ ಮಾದರಿ, ನಿಮ್ಮದು ಸ್ಲಿಮ್. ಬೇಸ್ ಪಿಎಸ್4 ಅಂತ ಹುಡುಕಿ. ಅದೂ ಶುರುವಿನ ಹತ್ತು ನಿಮಿಷವಲ್ಲ, ಬಯಲಿನಂಥ ದೊಡ್ಡ ಜಾಗದಲ್ಲಿ ಓಡುವಾಗ, ಐದಾರು ಜನ ಶತ್ರುಗಳು ಒಟ್ಟಿಗೆ ಬಂದಾಗ ಏನಾಗುತ್ತದೆ ಅದನ್ನು ನೋಡಿ.

ವಿರಾಜಪೇಟೆ

ಹಾಗಾದರೆ ಯೋಚನೆ ಯಾಕೆ, ಪಿಎಸ್5 ತಗೊಳ್ಳಿ. ಡಿಸ್ಕ್ ಡ್ರೈವ್ ಇರುವುದನ್ನೇ. ಹಳೇ ಪಿಎಸ್4 ಡಿಸ್ಕ್‌ಗಳೂ ಅದರಲ್ಲಿ ಓಡುತ್ತವೆ. ಡಿಸ್ಕ್ ತಗೊಂಡರೆ ಮುಗಿದಮೇಲೆ ಮಾರಬಹುದು, ಡಿಜಿಟಲ್ ಆದರೆ ಅಕೌಂಟಿಗೆ ಅಂಟಿಕೊಂಡಿತು.

ಗೋಣಿಕೊಪ್ಪ

ವಿರಾಜಪೇಟೆಯವರೇ, ಒಂದು ಆಟಕ್ಕಾಗಿ ಪಿಎಸ್5 ಅಂದರೆ ಬೆಲ್ಲದ ಆಸೆಗೆ ಗಾಣ ಕೊಂಡ ಹಾಗೆ. ಮನೆಯಲ್ಲಿ ಸೀರೀಸ್ ಎಸ್ ಇದೆಯಲ್ಲ! ಸರ್ವೈವರ್ 2024ರ ಏಪ್ರಿಲ್‌ನಲ್ಲಿ ಇಎ ಕಂಪನಿಯ ಚಂದಾ ಸೇವೆ ಇಎ ಪ್ಲೇಗೆ ಸೇರಿತು. ಇಎ ಪ್ಲೇ ಎಕ್ಸ್‌ಬಾಕ್ಸ್‌ನ ಚಂದಾ ಗೇಮ್ ಪಾಸ್ ಅಲ್ಟಿಮೇಟ್‌ನೊಳಗೇ ಬರುತ್ತದೆ. ಒಂದು ತಿಂಗಳ ಚಂದಾ ಕಟ್ಟಿದರೆ ಹೊಸ ಆಟದ ಅರ್ಧ ಬೆಲೆಯೂ ಆಗಲ್ಲ. ಮುಖ್ಯ ಕತೆ ಇಪ್ಪತ್ತು ಗಂಟೆ ಆಸುಪಾಸು, ದಿನಕ್ಕೆ ಒಂದು ಗಂಟೆ ಕೂತರೂ ತಿಂಗಳಲ್ಲಿ ಮುಗಿಯುತ್ತದೆ. ಚಂದಾ ಕಟ್ಟಿದ ದಿನವೇ ತಾನಾಗಿ ಮುಂದುವರಿಯುವುದನ್ನು ಆಫ್ ಮಾಡಿಬಿಡಿ, ಆಮೇಲೆ ಮರೆತುಹೋಗುತ್ತದೆ. ಪಿಎಸ್ ಕಡೆಯೂ ಈ ಆಟ 2025ರ ಫೆಬ್ರವರಿಯಲ್ಲಿ ಸೋನಿಯ ಚಂದಾ ಪ್ಲೇಸ್ಟೇಷನ್ ಪ್ಲಸ್ ಎಕ್ಸ್‌ಟ್ರಾ ಪಟ್ಟಿಗೆ ಸೇರಿತ್ತು. ಆ ಪಟ್ಟಿಯಿಂದ ಆಟಗಳು ಹೋಗುತ್ತಾ ಬರುತ್ತಾ ಇರುತ್ತವೆ, ಹಣ ಕಟ್ಟುವ ದಿನವೇ ಅಂಗಡಿಯಲ್ಲಿ ಹೆಸರು ಹಾಕಿ ನೋಡಬೇಕು.

ನೋಡಿ: ಬಿಡುಗಡೆಯ ದಿನ ಪೂರ್ತಿ ಬೆಲೆ, ಒಂದು ವರ್ಷಕ್ಕೆ ಚಂದಾದಲ್ಲಿ. ದೊಡ್ಡ ಕಂಪನಿಗಳ ಎಷ್ಟೋ ಸರಣಿ ಆಟಗಳದು ಇದೇ ದಾರಿ. ನಿಂಟೆಂಡೋದ ಸ್ವಂತ ಆಟಗಳು ಮಾತ್ರ ಇದಕ್ಕೆ ಹೊರತು, ಅವುಗಳ ಬೆಲೆ ಇಳಿಯುವುದೇ ಅಪರೂಪ.

ತಮ್ಮನ ಜತೆ ಒಂದೇ ಸೋಫಾದಲ್ಲಿ ಕೂತು ಆಡುವ ಆಟವಾದರೆ ಸೀರೀಸ್ ಎಸ್ ಬಗ್ಗೆ ಎಚ್ಚರ. ಬಾಲ್ಡರ್ಸ್ ಗೇಟ್ 3 ಎಕ್ಸ್‌ಬಾಕ್ಸ್‌ಗೆ ತಡವಾದದ್ದೇ ಅದರಿಂದ. ಕೊನೆಗೆ 2023ರ ಡಿಸೆಂಬರ್‌ನಲ್ಲಿ ಬಿಟ್ಟಾಗ ಸೀರೀಸ್ ಎಸ್‌ಗೆ ಸ್ಪ್ಲಿಟ್ ಸ್ಕ್ರೀನ್ (ಒಂದೇ ಟಿವಿಯನ್ನು ಇಬ್ಬರಿಗೆ ಭಾಗ ಮಾಡುವುದು) ಇಲ್ಲದೆಯೇ ಬಿಟ್ಟರು. ಕಾರಣ ಮೆಮೊರಿ: ಸೀರೀಸ್ ಎಕ್ಸ್‌ಗೆ 16 ಜಿಬಿ, ಎಸ್‌ಗೆ 10. ಸರ್ವೈವರ್ ಒಬ್ಬರೇ ಆಡುವ ಆಟ, ಆ ತಲೆನೋವಿಲ್ಲ.

ಕುಶಾಲನಗರ

ಡಿಸ್ಕ್ ತಗೊಂಡರೆ ನೆಟ್ ಬೇಡ ಅಂತ ಯಾರೂ ನಂಬಬೇಡಿ. ಸರ್ವೈವರ್‌ನ ಪಿಎಸ್5 ಡಿಸ್ಕ್‌ನಲ್ಲಿ ಪೂರ್ತಿ ಆಟವಿಲ್ಲ. ಡೌನ್‌ಲೋಡ್ ಬೇಕು ಅಂತ ಡಬ್ಬಿಯ ಮೇಲೇ ಸಣ್ಣಕ್ಷರದಲ್ಲಿ ಅಚ್ಚಾಗಿದೆ. ಕಾಲ್ ಆಫ್ ಡ್ಯೂಟಿ: ಮಾಡರ್ನ್ ವಾರ್‌ಫೇರ್ 2ರ 2022ರ ಡಿಸ್ಕ್‌ನಲ್ಲಿ ಇದ್ದದ್ದು ನೂರು ಎಂಬಿಗೂ ಕಮ್ಮಿ, ಬಾಕಿಯೆಲ್ಲ ಇಂಟರ್ನೆಟ್ಟಿನಿಂದ. ಡಿಸ್ಕ್ ಅಲ್ಲಿ ಬರೀ ಬೀಗದ ಕೈ.

ಈಗ ಲೆಕ್ಕ. ಸರ್ವೈವರ್ ಪಿಸಿಯಲ್ಲಿ 155 ಜಿಬಿ ಜಾಗ ಕೇಳುತ್ತದೆ, ಪಿಎಸ್5ನಲ್ಲೂ ನೂರು ದಾಟುತ್ತದೆ. 150 ಜಿಬಿ ಅಂತ ಹಿಡಿಯಿರಿ. ಒಂದು ಬೈಟ್ ಅಂದರೆ ಎಂಟು ಬಿಟ್, ಎಂಟರಿಂದ ಗುಣಿಸಿದರೆ 1,200 ಗಿಗಾಬಿಟ್. ನಿಮ್ಮ 30 ಎಂಬಿಪಿಎಸ್ ಪೂರ್ತಿ ಸಿಕ್ಕರೂ 40,000 ಸೆಕೆಂಡ್, ಅಂದರೆ 11 ಗಂಟೆ. ಸಂಜೆ ಮನೆಯವರೆಲ್ಲ ಮೊಬೈಲ್ ಹಿಡಿದು ಕೂತರೆ ಎರಡು ರಾತ್ರಿ. ದಿನಕ್ಕೆ 2 ಜಿಬಿ ಮೊಬೈಲ್ ಡೇಟಾದಲ್ಲಾದರೆ 75 ದಿನ. ಆಟಿ ಮಳೆಯಲ್ಲಿ ಶುರು ಮಾಡಿದ್ದು ಕಾವೇರಿ ಸಂಕ್ರಮಣಕ್ಕೆ ಮುಗಿದೀತು.

ಗೋಣಿಕೊಪ್ಪದವರು ಹೇಳಿದ ಒಂದು ತಿಂಗಳ ಚಂದಾ ಸರಿಯೇ. ಆದರೆ ಜುಲೈಯಲ್ಲಿ ಕಟ್ಟಿದರೆ ಅರ್ಧ ತಿಂಗಳು ಲೈನ್‌ಮನ್ ದಾರಿ ಕಾಯುವುದರಲ್ಲೇ ಹೋಗುತ್ತದೆ. ಡಿಸೆಂಬರ್, ಜನವರಿ ನೋಡಿಕೊಳ್ಳಿ.

ಜಾಗದ ಲೆಕ್ಕವೂ ಇದೆ. ಸೀರೀಸ್ ಎಸ್ 512 ಜಿಬಿಯದರಲ್ಲಿ ಆಟಕ್ಕೆ ಸಿಗುವುದು 364. ಮೊದಲ ಪಿಎಸ್5ನ 825ರಲ್ಲಿ 667. ಪಿಎಸ್4ನಲ್ಲಿ ಇನ್ನೊಂದು ಕಾಟ: ಪ್ಯಾಚ್ ಬಂದಾಗ ಅದು ಆಟವನ್ನೇ ಇನ್ನೊಂದು ಸಲ ನಕಲು ಮಾಡಿಕೊಳ್ಳುತ್ತದೆ. ಆಟದಷ್ಟೇ ಜಾಗ ಖಾಲಿ ಇಲ್ಲದಿದ್ದರೆ ಸಣ್ಣ ಅಪ್‌ಡೇಟ್ ಕೂಡ ‘ಜಾಗ ಸಾಲದು’ ಅನ್ನುತ್ತದೆ. ಪಿಎಸ್4ಗೆ ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ (250 ಜಿಬಿಯಿಂದ 8 ಟಿಬಿವರೆಗೆ) ಸೇರಿಸಿ ಅದರಿಂದಲೇ ಆಡಬಹುದು. ಆದರೆ ಪಿಎಸ್5 ಆಟ, ಸೀರೀಸ್ ಎಸ್‌ನ ಹೊಸ ಆಟ ಯುಎಸ್‌ಬಿ ಡಿಸ್ಕ್‌ನಲ್ಲಿ ಇಡಬಹುದಷ್ಟೆ, ಅಲ್ಲಿಂದ ಓಡುವುದಿಲ್ಲ. ಆಡುವ ಮೊದಲು ಒಳಗೆ ತಂದುಕೊಳ್ಳಬೇಕು.

ಪ್ರಶ್ನೆ ಕೇಳಿದವರು

ಎಕ್ಸ್‌ಬಾಕ್ಸ್‌ಗೆ ಹೋದರೆ ಪಿಎಸ್4ನಲ್ಲಿರುವ ಫಾಲನ್ ಆರ್ಡರ್ ಸೇವ್ (ಆಡಿ ಉಳಿಸಿಟ್ಟ ದಾಖಲೆ) ಕೆಲಸಕ್ಕೆ ಬರಲ್ಲ ಅಲ್ವಾ? ಮತ್ತೆ ನೆಟ್ ಇಲ್ಲದ ದಿನ ಡಿಜಿಟಲ್ ಆಟ ತೆರೆಯುತ್ತದಾ?

ಮಡಿಕೇರಿ

ಸೇವ್ ಬೇಕಾಗಿಯೇ ಇಲ್ಲ. ಸರ್ವೈವರ್ ಹಳೇ ಆಟದ ಸೇವ್ ಓದುವುದಿಲ್ಲ, ಎಲ್ಲರಿಗೂ ಒಂದೇ ಆರಂಭ. ಆಟದಲ್ಲಿ ಗಳಿಸಿದ ಟ್ರೋಫಿ ಮಾತ್ರ ಪಿಎಸ್ ಕಡೆ ಉಳಿಯುತ್ತದೆ. ಮಾಸ್ ಎಫೆಕ್ಟ್‌ನಂತೆ ಹಿಂದಿನ ಭಾಗದ ತೀರ್ಮಾನಗಳು ಮುಂದಿನದಕ್ಕೆ ಬರುವ ಸರಣಿಯಾದರೆ ಯಂತ್ರ ಬದಲಿಸುವುದು ನಷ್ಟ.

ನೆಟ್ ಇಲ್ಲದ ದಿನದ ವಿಷಯಕ್ಕೆ ಒಂದು ಸೆಟ್ಟಿಂಗ್ ಇದೆ, ಬಹಳ ಜನ ಮಾಡಿರುವುದಿಲ್ಲ. ಆಟ ಕೊಂಡ ಅಕೌಂಟಿನಿಂದ ಪಿಎಸ್4ನಲ್ಲಿ ‘ಪ್ರೈಮರಿ’ ಮಾಡಬೇಕು, ಪಿಎಸ್5ನಲ್ಲಿ ‘ಕನ್ಸೋಲ್ ಶೇರಿಂಗ್ ಮತ್ತು ಆಫ್‌ಲೈನ್ ಪ್ಲೇ’ ಆನ್ ಮಾಡಬೇಕು, ಎಕ್ಸ್‌ಬಾಕ್ಸ್‌ನಲ್ಲಿ ‘ಹೋಮ್ ಎಕ್ಸ್‌ಬಾಕ್ಸ್’. ಇದನ್ನು ನೆಟ್ ಇರುವಾಗಲೇ ಮಾಡಿಡಬೇಕು. ಇಲ್ಲದಿದ್ದರೆ ಕೇಬಲ್ ಕಡಿದ ದಿನ ಆಟದ ಮೇಲೆ ಬೀಗದ ಚಿತ್ರ ಬಂದು ಕೂರುತ್ತದೆ.

ಪಿಎಸ್5 ಕೊಳ್ಳುವುದೇ ಆದರೆ ಬಿಡಿಯಾಗಿ ಬರುವ ಡಿಸ್ಕ್ ಡ್ರೈವ್‌ಗೂ ಮೊದಲ ಸಲ ಜೋಡಿಸುವಾಗ ನೆಟ್ ಬೇಕು. ಪ್ಲೇಸ್ಟೇಷನ್ ಅಂಗಡಿಯಲ್ಲಿ ಡಿಜಿಟಲ್ ಆಟ ವಾಪಸ್ ಮಾಡಲು 14 ದಿನ ಇದೆ, ಆದರೆ ಡೌನ್‌ಲೋಡ್ ಶುರುವಾಗಿರಬಾರದು. ಕೊಂಡ ತಕ್ಷಣ ತಾನೇ ಡೌನ್‌ಲೋಡ್ ಆಗುವ ಸೆಟ್ಟಿಂಗ್ ಇದ್ದರೆ ಆ ಹಕ್ಕು ಕೊಂಡ ನಿಮಿಷದಲ್ಲೇ ಹೋಯಿತು.

ಸುಂಟಿಕೊಪ್ಪ

ಕರೆಂಟಿನ ಬಗ್ಗೆ ಯಾರೂ ಮಾತೇ ಎತ್ತಿಲ್ಲ. ಆಡುವಾಗ ಪಿಎಸ್5 ಸುಮಾರು 200 ವ್ಯಾಟ್ ಎಳೆಯುತ್ತದೆ, ಸೀರೀಸ್ ಎಸ್ 75ರ ಆಸುಪಾಸು. ಟಿವಿಗೆ 80 ಸೇರಿಸಿ. ಮನೆ ಇನ್ವರ್ಟರ್‌ನ 150 ಎಎಚ್ ಬ್ಯಾಟರಿಯಿಂದ ನಿಜಕ್ಕೂ ಕೈಗೆ ಸಿಗುವುದು 1,200 ವ್ಯಾಟ್-ಅವರ್ ಅಂದುಕೊಳ್ಳಿ: ಪಿಎಸ್5ಗೆ ನಾಲ್ಕು ಗಂಟೆ, ಸೀರೀಸ್ ಎಸ್‌ಗೆ ಏಳೂವರೆ. ಬಲ್ಬು, ಫ್ಯಾನು, ಮೋಡೆಮ್ ಅದರಲ್ಲೇ ಓಡಬೇಕು, ಆದ್ದರಿಂದ ಇನ್ನೂ ಕಮ್ಮಿ. ಇನ್ವರ್ಟರ್ ಸೈನ್ ವೇವ್ ಆಗಿರಲಿ. ಹಿಂದಿನ ಸ್ಕ್ವೇರ್ ವೇವ್ ಡಬ್ಬಕ್ಕೆ ಕನ್ಸೋಲ್ ಹಾಕಬೇಡಿ. ಸ್ವಿಚ್ ‘ಯುಪಿಎಸ್’ ಮೋಡ್‌ನಲ್ಲಿರಲಿ, ‘ನಾರ್ಮಲ್’ನಲ್ಲಿ ಬದಲಾಗುವ ಆ ಕ್ಷಣಕ್ಕೇ ಯಂತ್ರ ಆಫ್ ಆಗಬಹುದು. 600 ವಿಎ ಕಂಪ್ಯೂಟರ್ ಯುಪಿಎಸ್ ಪಿಎಸ್5ಗೆ ಸರಿಯಾಗಿ ಆಫ್ ಮಾಡುವಷ್ಟು ನಿಮಿಷ ಕೊಡುತ್ತದೆ, ಆಡುವುದಕ್ಕಲ್ಲ.

ರಾತ್ರಿ ರೆಸ್ಟ್ ಮೋಡ್‌ನಲ್ಲಿ ಡೌನ್‌ಲೋಡ್‌ಗೆ ಬಿಟ್ಟು ಮಲಗುವಾಗ ಯುಎಸ್‌ಬಿ ಹಾರ್ಡ್‌ಡಿಸ್ಕ್ ಕಳಚಿಡಿ. ಬರೆಯುತ್ತಿರುವಾಗ ಕರೆಂಟ್ ಹೋದರೆ ಮೊದಲು ಕೆಡುವುದು ಅದೇ. ಪಿಎಸ್5 ಮತ್ತೆ ಹತ್ತಿದಾಗ ತಕರಾರು ಮಾಡಿದರೆ ಪೂರ್ತಿ ಆಫ್ ಮಾಡಿ, ಪವರ್ ಬಟನ್ ಏಳು ಸೆಕೆಂಡ್, ಎರಡನೇ ಬೀಪ್ ಬರುವತನಕ ಒತ್ತಿಹಿಡಿದು, ಕಂಟ್ರೋಲರ್ ಕೇಬಲ್‌ನಲ್ಲಿ ಜೋಡಿಸಿ, ‘ರೀಬಿಲ್ಡ್ ಡೇಟಾಬೇಸ್’ ಕೊಡಿ. ಅದರಿಂದ ಆಟ ಅಳಿಸುವುದಿಲ್ಲ. ಪಟ್ಟಿಯಲ್ಲಿ ಅದರ ಕೆಳಗೇ ‘ರೀಸೆಟ್’ ಇರುತ್ತದೆ, ಬೆರಳು ಅಲ್ಲಿಗೆ ಹೋಗದಿರಲಿ.

ಏಪ್ರಿಲ್, ಮೇ ಗುಡುಗಿಗೆ ಪ್ಲಗ್ ಕೀಳುವುದು ಎಲ್ಲರಿಗೂ ಗೊತ್ತು. ಮೋಡೆಮ್‌ನಿಂದ ಬರುವ ಲ್ಯಾನ್ ಕೇಬಲನ್ನೂ ಕೀಳಿ. ಫೈಬರ್ ಗಾಜು ನಿಜ, ಆದರೆ ಮೋಡೆಮ್‌ನ ಅಡಾಪ್ಟರ್ ಇರುವುದು ಕರೆಂಟ್ ಲೈನಿನಲ್ಲೇ.

ಸೋಮವಾರಪೇಟೆ

ಸೆಕೆಂಡ್ ಹ್ಯಾಂಡ್ ಡಿಸ್ಕ್ ನೋಡುವವರಿಗೆ: ಬೆಳಕಿಗೆ ಓರೆಯಾಗಿ ಹಿಡಿಯಿರಿ. ನಡುವಿನಿಂದ ಅಂಚಿಗೆ ಹೋಗುವ ಗೀರು ಸಾಮಾನ್ಯವಾಗಿ ತೊಂದರೆ ಕೊಡಲ್ಲ. ವೃತ್ತದ ಗುಂಟ ಹೋಗುವ ಗೀರು ಕೆಟ್ಟದ್ದು, ಒಂದೇ ಕಡೆಯ ಮಾಹಿತಿಯನ್ನು ಉದ್ದಕ್ಕೂ ತಿಂದುಹಾಕುತ್ತದೆ. ಬ್ಲೂ-ರೇಯಲ್ಲಿ ಮಾಹಿತಿ ಇರುವ ಪದರ ಮೇಲ್ಮೈಯಿಂದ ಬರೀ 0.1 ಮಿಮೀ ಒಳಗೆ. ಸಿಡಿಯಂತೆ ಉಜ್ಜಿ ಪಾಲಿಶ್ ಮಾಡಿಸಲು ಹೋದರೆ ಇದ್ದದ್ದೂ ಹೋಗುತ್ತದೆ. ಒರೆಸುವುದಾದರೆ ಕನ್ನಡಕದ ಬಟ್ಟೆಯಲ್ಲಿ, ನಡುವಿನಿಂದ ಹೊರಕ್ಕೆ. ಮಳೆಗಾಲದಲ್ಲಿ ಡಬ್ಬಿಯೊಳಗಿನ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಸಿಲಿಕಾ ಜೆಲ್ ಪೊಟ್ಟಣದ ಜತೆ ಮುಚ್ಚಳದ ಡಬ್ಬದಲ್ಲಿಡಿ. ಯಂತ್ರವನ್ನು ಬೀರುವಿನಲ್ಲಿ ಮುಚ್ಚಿಡುವುದಕ್ಕಿಂತ ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸುವುದು ಒಳ್ಳೆಯದು.

ಕುಶಾಲನಗರ

ನಾಪೋಕ್ಲುವಿನವರಿಗೆ ನೇರವಾಗಿ: ಟಿವಿ ಫುಲ್ ಎಚ್‌ಡಿ, ಯಂತ್ರ ಮನೆಯಲ್ಲೇ ಇದೆ, ಸೇವ್ ಬೇಕಾಗಿಲ್ಲ. ಸೀರೀಸ್ ಎಸ್‌ನಲ್ಲಿ ಒಂದು ತಿಂಗಳ ಚಂದಾ. 30 ಫ್ರೇಮ್ ನಿಮಗೆ ಹೊಸದಲ್ಲ, ಪಿಎಸ್4ನಲ್ಲಿ ಆಡಿ ರೂಢಿಯಿದೆ. ಪಿಎಸ್5ಗೆ ಮಾತ್ರ ಬರುವ ಎರಡು ಮೂರು ಆಟ ನಿಮ್ಮ ಪಟ್ಟಿಯಲ್ಲಿ ಸೇರಿದ ಮೇಲೆ ಆ ಯಂತ್ರದ ಮಾತು. ಅದಕ್ಕೂ ನವೆಂಬರ್ ಕೊನೆಯ ಬ್ಲ್ಯಾಕ್ ಫ್ರೈಡೇ ಕಾಯಿರಿ, ಹೇಗೂ ಪುತ್ತರಿಯ ಹೊತ್ತು.

ಡೌನ್‌ಲೋಡ್‌ಗೆ ಒಂದು ಉಪಾಯ: ಸೀರೀಸ್ ಎಸ್ ತೂಕ ಎರಡು ಕೆಜಿಯೂ ಇಲ್ಲ. ಒಳ್ಳೆಯ ನೆಟ್ ಇರುವ ನೆಂಟರ ಮನೆಗೆ ಯಂತ್ರವನ್ನೇ ಬ್ಯಾಗಿಗೆ ಹಾಕಿಕೊಂಡು ಹೋಗಿ. 100 ಎಂಬಿಪಿಎಸ್ ಇದ್ದರೆ ಆ 150 ಜಿಬಿ ಮೂರೂವರೆ ಗಂಟೆ. ಪವರ್ ಕೇಬಲ್ ಜತೆ ಒಂದು ಲ್ಯಾನ್ ಕೇಬಲ್ ಹಾಕಿಕೊಳ್ಳಿ, ಅವರ ವೈಫೈ ನಂಬಬೇಡಿ. ಅಲ್ಲಿಂದ ಹೊರಡುವ ಮುಂಚೆ ಆಟ ಒಮ್ಮೆ ತೆರೆದು ಮೊದಲ ದೃಶ್ಯದವರೆಗೆ ಆಡಿ. ಕೆಲವು ಸಲ ಇಎ ಅಕೌಂಟ್ ಜೋಡಿಸು ಅಂತ ಕೇಳುತ್ತದೆ, ಅದನ್ನು ನಾಪೋಕ್ಲುವಿಗೆ ಬಂದಮೇಲೆ ಹಾಟ್‌ಸ್ಪಾಟ್‌ನಲ್ಲಿ ಮಾಡುತ್ತಾ ಕೂರಬೇಡಿ.

ಪ್ರಶ್ನೆ ಕೇಳಿದವರು

ಸರಿ, ತಮ್ಮನನ್ನು ಒಪ್ಪಿಸುವುದೊಂದು ಬಾಕಿ. ಅವನ ಅಕೌಂಟೇ ಹೋಮ್ ಆಗಿದೆ, ಚಂದಾ ಯಾರ ಹೆಸರಲ್ಲಿ ಕಟ್ಟಲಿ?

ಮಡಿಕೇರಿ

ಅವನ ಹೆಸರಲ್ಲೇ. ಹೋಮ್ ಆಗಿರುವ ಅಕೌಂಟಿನಲ್ಲಿ ಚಂದಾ ಇದ್ದರೆ ಅದೇ ಯಂತ್ರದಲ್ಲಿ ನಿಮ್ಮ ಪ್ರೊಫೈಲ್‌ನಿಂದಲೂ ಆಟ ತೆರೆಯುತ್ತದೆ, ಸೇವ್ ಬೇರೆ ಬೇರೆ ಉಳಿಯುತ್ತದೆ. ದುಡ್ಡು ಮಾತ್ರ ನೀವು ಕೊಡಿ.