ತಿಂಗಳು ಮುಗಿಯುವ ಮೊದಲೇ ಬಜೆಟ್ ಕೆಂಪು! ಸಿಂಕ್ ಸಮಸ್ಯೆನಾ? ದಯವಿಟ್ಟು ಸಹಾಯ ಮಾಡಿ

ನೀಲಿಕೊಡೆ
ಎಲ್ಲರಿಗೂ ನಮಸ್ಕಾರ. ಖರ್ಚಿನ ಆ್ಯಪ್ ತಲೆ ಕೆಡಿಸಿಬಿಟ್ಟಿದೆ. ಮೇ ತಿಂಗಳ ಬಜೆಟ್ ಪೂರ್ತಿ ಕೆಂಪಾಗಿ "ಮಿತಿ ಮೀರಿದೆ" ಅಂತ ತೋರಿಸುತ್ತಿದೆ. ತಿಂಗಳು ಇನ್ನೂ ಮುಗಿದಿಲ್ಲ. ಅಷ್ಟು ಖರ್ಚು ನಾನು ಮಾಡಿಯೂ ಇಲ್ಲ. ಸಿಂಕ್ ಆಫ್ ಮಾಡಿ ಆನ್ ಮಾಡಿದೆ, ಆ್ಯಪ್‌ನ ತಾತ್ಕಾಲಿಕ ಡೇಟಾ (ಕ್ಯಾಶೆ) ಕ್ಲಿಯರ್ ಮಾಡಿದೆ, ಆ್ಯಪ್ ತೆಗೆದು ಮತ್ತೆ ಹಾಕಿದೆ. ಏನೂ ಬದಲಾಗಲಿಲ್ಲ. ಸಪೋರ್ಟ್‌ಗೆ ಮೇಲ್ ಹಾಕಿದರೆ "ಆ್ಯಪ್ ಅಪ್‌ಡೇಟ್ ಮಾಡಿ" ಅಂತ ಒಂದು ಸಾಲಿನ ಉತ್ತರ ಬಂತು. ಅಪ್‌ಡೇಟ್ ಮೊದಲೇ ಆಗಿತ್ತು.

ಮುಂದಿನ ತಿಂಗಳ ಬಜೆಟ್ ಹಾಕೋದಕ್ಕೆ ಈ ತಿಂಗಳ ಲೆಕ್ಕ ಸರಿ ಇರಬೇಕು. ಈ ಆ್ಯಪನ್ನೇ ಬಿಟ್ಟುಬಿಡಲಾ ಅನಿಸುತ್ತಿದೆ. ಯಾರಿಗಾದರೂ ಹೀಗಾಗಿದೆಯಾ?

ಕಾರ್ಡ್‌ಲೆಕ್ಕ
ಇದು ಸಿಂಕ್ ಅಲ್ಲ. ನೂರಕ್ಕೆ ನೂರು ಕ್ರೆಡಿಟ್ ಕಾರ್ಡ್. ಕಾರ್ಡಿನಲ್ಲಿ ಸಾಮಾನು ತಗೊಂಡಾಗ ಒಂದು ಖರ್ಚು ಬರೆಯುತ್ತೀರಿ. ಆಮೇಲೆ ಬ್ಯಾಂಕ್ ಖಾತೆಯಿಂದ ಕಾರ್ಡ್ ಬಿಲ್ ಕಟ್ಟಿದಾಗ ಅದನ್ನೂ ಖರ್ಚು ಅಂತಲೇ ಬರೆಯುತ್ತೀರಿ. ಒಂದೇ ದುಡ್ಡು ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಬಿಲ್ ಕಟ್ಟಿದ್ದು ಖರ್ಚಲ್ಲ, ವರ್ಗಾವಣೆ. ಆ ಎಂಟ್ರಿಯನ್ನು "ಟ್ರಾನ್ಸ್‌ಫರ್" ಅಂತ ಬದಲಾಯಿಸಿ, ಕೆಂಪು ಹೋಗುತ್ತದೆ.

ಕೈಬರಹ
ಎಸ್‌ಎಂಎಸ್ ಓದಿ ತಾನೇ ಎಂಟ್ರಿ ಮಾಡುವ ಆ್ಯಪಾ? ಹಾಗಿದ್ದರೆ ಅದೇ ಕಾರಣ ಇರಬಹುದು. ಒಂದು ವ್ಯವಹಾರಕ್ಕೆ ಬ್ಯಾಂಕಿನಿಂದ ಒಂದು ಮೆಸೇಜ್, ಕಾರ್ಡ್‌ನಿಂದ ಇನ್ನೊಂದು ಮೆಸೇಜ್ ಬರುತ್ತದೆ. ಆ್ಯಪ್ ಎರಡನ್ನೂ ಬರೆದುಕೊಳ್ಳುತ್ತದೆ. ಅದಕ್ಕೇ ನಾನು ಆಟೋ ಎಂಟ್ರಿ ಬಳಸುವುದಿಲ್ಲ. ಪ್ರತಿ ಖರ್ಚನ್ನೂ ಕೈಯಿಂದಲೇ ಹಾಕುತ್ತೇನೆ. ಹಾಕುವಾಗಲೇ ಖರ್ಚಿನ ಮೇಲೆ ಗಮನ ಬರುತ್ತದೆ.

ಕಾರ್ಡ್‌ಲೆಕ್ಕ
ಕೈಯಿಂದ ಹಾಕುವವರು ಎರಡು ವಾರ ಹಾಕಿ ಬಿಟ್ಟುಬಿಡುತ್ತಾರೆ. ಆಟೋ ಇದ್ದರೇ ಲೆಕ್ಕ ಉಳಿಯೋದು.

ಕೈಬರಹ
ಬಿಡುವವರು ಬಿಡಬಹುದು. ನಾನು ಬಿಟ್ಟಿಲ್ಲ. ಆಟೋ ಎಂಟ್ರಿಯಲ್ಲಿ "ಇತರೆ" ಅನ್ನೋ ವಿಭಾಗವೇ ಎಲ್ಲಕ್ಕಿಂತ ದೊಡ್ಡದಾಗಿ ಕೂತಿರುತ್ತದೆ. ಅದರಿಂದ ಬಜೆಟ್ ಹೇಗೆ ಹಾಕೋದು? ಮತ್ತೆ ಐಫೋನಿನಲ್ಲಿ ಆ್ಯಪ್‌ಗಳಿಗೆ ಎಸ್‌ಎಂಎಸ್ ಓದಲು ಬಿಡೋದೇ ಇಲ್ಲ. ಅವರೆಲ್ಲ ಏನು ಮಾಡಬೇಕು?

ಜಮಾಖರ್ಚು
ಇಬ್ಬರೂ ಸ್ವಲ್ಪ ತಡೆಯಿರಿ. ನೀಲಿಕೊಡೆ ಅವರೇ, ಯಾವ ಫೋನ್? ಎಂಟ್ರಿಗಳು ಆ್ಯಪ್‌ಗೆ ಹೇಗೆ ಬರುತ್ತಿವೆ: ಕೈಯಿಂದನಾ, ಎಸ್‌ಎಂಎಸ್‌ನಿಂದನಾ, ಫೈಲ್‌ನಿಂದನಾ? ಆ್ಯಪ್ ತೋರಿಸುವ ಖಾತೆ ಬ್ಯಾಲೆನ್ಸ್ ಬ್ಯಾಂಕಿನ ಬ್ಯಾಲೆನ್ಸ್‌ಗೆ ಸರಿಹೊಂದುತ್ತಿದೆಯಾ? ಕೆಂಪಾಗಿರೋದು ಯಾವ ವಿಭಾಗ? ಇಷ್ಟು ಗೊತ್ತಾಗದೆ ಏನು ಹೇಳಿದರೂ ಊಹೆ ಮಾತ್ರ.

ನೀಲಿಕೊಡೆ
ಆಂಡ್ರಾಯ್ಡ್. ಎಸ್‌ಎಂಎಸ್ ಅನುಮತಿ ಕೊಟ್ಟಿಲ್ಲ, ಕೈಯಿಂದಲೇ ಹಾಕುತ್ತೇನೆ. ಜಾಸ್ತಿ ಕೆಂಪಾಗಿರೋದು ಮನೆ ವಿಭಾಗ. ಬ್ಯಾಲೆನ್ಸ್ ಕೂಡ ಸರಿ ಇಲ್ಲ, ಬ್ಯಾಂಕಿನಲ್ಲಿ ಇರೋದಕ್ಕಿಂತ ಜಾಸ್ತಿ ತೋರಿಸುತ್ತಿದೆ. ಅದು ಇರಲಿ ಬಿಡಿ. ಮೊದಲು ಬಜೆಟ್ ಸರಿ ಆಗಬೇಕು.

ಕಾರ್ಡ್‌ಲೆಕ್ಕ ಅವರೇ, ನನ್ನ ಹತ್ತಿರ ಕ್ರೆಡಿಟ್ ಕಾರ್ಡ್ ಇದೆ, ಆದರೆ ಬಿಲ್ ಕಟ್ಟಿದ್ದನ್ನು ಟ್ರಾನ್ಸ್‌ಫರ್ ಅಂತಲೇ ಹಾಕಿದ್ದೇನೆ.

ಕಾರ್ಡ್‌ಲೆಕ್ಕ
ಒಂದು ಸಲ ಮತ್ತೆ ನೋಡಿ ಸರ್. ಕೆಲವು ಆ್ಯಪ್‌ಗಳಲ್ಲಿ ಟ್ರಾನ್ಸ್‌ಫರ್‌ಗೂ ವಿಭಾಗ ಕೇಳುತ್ತದೆ. ವಿಭಾಗ ಕೊಟ್ಟರೆ ಬಜೆಟ್‌ನಲ್ಲಿ ಸೇರಿಬಿಡುತ್ತದೆ. ಇಲ್ಲಿಗೆ ಬಂದು ಕೇಳುವವರಲ್ಲಿ ಮುಕ್ಕಾಲು ಪಾಲು ಜನರದ್ದು ಇದೇ ಸಮಸ್ಯೆ. ಕಾರ್ಡ್ ಖಾತೆ ತೆರೆದು ಒಂದೊಂದೇ ಸಾಲು ನೋಡಿ.

ಟೆಕ್ಸ್ಟ್‌ಫೈಲ್
ಇದೆಲ್ಲ ನೋಡಿದಾಗ ನನ್ನ ವ್ಯವಸ್ಥೆಯೇ ಎಷ್ಟೋ ವಾಸಿ. ನಾನು ಎಲ್ಲವನ್ನೂ ಒಂದು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಬರೆಯುತ್ತೇನೆ. ವರದಿ ತೆಗೆಯೋದಕ್ಕೆ ಲೆಡ್ಜರ್ ಅನ್ನೋ ಕಮಾಂಡ್ ಲೈನ್ ಪ್ರೋಗ್ರಾಂ. ಅದು 2003ರಿಂದ ಇದೆ. ಫೈಲ್ ಗಿಟ್ ಅನ್ನೋ, ಬದಲಾವಣೆ ದಾಖಲಿಸುವ ಪ್ರೋಗ್ರಾಂನಲ್ಲಿ ಇರುತ್ತದೆ, ಹಾಗಾಗಿ ಯಾವ ದಿನ ಯಾವ ಸಾಲು ಬದಲಾಯಿತು ಅಂತ ಪೂರ್ತಿ ಇತಿಹಾಸ ಸಿಗುತ್ತದೆ. ಮನೆಯಲ್ಲೇ ರಾಸ್ಪ್‌ಬೆರಿ ಪೈ ಅನ್ನೋ ಒಂದು ಪುಟ್ಟ ಕಂಪ್ಯೂಟರ್ ಮೇಲೆ ಫೈರ್‌ಫ್ಲೈ 3 ಅನ್ನೋ ಖರ್ಚಿನ ಲೆಕ್ಕದ ಪ್ರೋಗ್ರಾಂ ಕೂಡ ಓಡುತ್ತಿದೆ, ಗ್ರಾಫ್ ನೋಡೋದಕ್ಕೆ. ರಾತ್ರಿ ತಾನೇ ಬ್ಯಾಕಪ್ ಆಗುತ್ತದೆ. ಮಿಂಟ್‌ನಂಥ ದೊಡ್ಡ ಬಜೆಟ್ ಸೇವೆಯೇ 2024ರ ಮಾರ್ಚ್‌ನಲ್ಲಿ ನಿಂತುಹೋಯಿತು. ಟೆಕ್ಸ್ಟ್ ಫೈಲ್ ಹಾಗೆ ನಿಲ್ಲುವುದಿಲ್ಲ.

ಕೈಬರಹ
ರಾತ್ರಿ ಬ್ಯಾಕಪ್ ಎಲ್ಲಿಗೆ ಆಗುತ್ತದೆ? ಅದೇ ಪೈ ಮೇಲಿನ ಮೆಮೊರಿ ಕಾರ್ಡ್‌ಗೇ ಆದರೆ ಕಾರ್ಡ್ ಹೋದ ದಿನ ಎರಡೂ ಹೋಗುತ್ತವೆ.

ಟೆಕ್ಸ್ಟ್‌ಫೈಲ್
ಬೇರೆ ಡಿಸ್ಕ್‌ಗೆ ಆಗುತ್ತದೆ. ಜೊತೆಗೆ ಎನ್‌ಕ್ರಿಪ್ಟ್ ಆದ ಒಂದು ಪ್ರತಿ ಮನೆಯಾಚೆಗೂ ಇದೆ. ಬೇಕಿದ್ದರೆ ಸ್ಕ್ರಿಪ್ಟ್ ಹಂಚಿಕೊಳ್ಳುತ್ತೇನೆ.

ಜಮಾಖರ್ಚು
ಸ್ಕ್ರಿಪ್ಟ್‌ಗೆ ಬೇರೆ ಚರ್ಚೆ ತೆರೆಯಿರಿ, ನಾನೂ ಬರುತ್ತೇನೆ. ಇಲ್ಲಿ ಕೆಲಸ ಇನ್ನೂ ಮುಗಿದಿಲ್ಲ.

ನೀಲಿಕೊಡೆ ಅವರೇ, "ಅದು ಇರಲಿ ಬಿಡಿ" ಅಂದಿರಲ್ಲ, ಸುಳಿವು ಇರೋದೇ ಅಲ್ಲಿ. ಖರ್ಚು ಎರಡೆರಡು ಸಲ ಬಿದ್ದಿದ್ದರೆ ಬ್ಯಾಲೆನ್ಸ್ ಕಮ್ಮಿ ಆಗಬೇಕಿತ್ತು. ನಿಮ್ಮದು ಜಾಸ್ತಿ ಇದೆ. ಅಂದರೆ ಕೆಲವು ಖರ್ಚು ಖಾತೆಯಿಂದ ಕಾಣೆಯಾಗಿವೆ. ಆದರೂ ಮೇ ತಿಂಗಳಲ್ಲಿ ಖರ್ಚು ಜಾಸ್ತಿ ಕಾಣುತ್ತಿದೆ. ಎರಡೂ ಒಟ್ಟಿಗೆ ನಿಜ ಆಗಬೇಕಾದರೆ ಎಂಟ್ರಿಗಳು ಒಂದು ತಿಂಗಳಿಂದ ಇನ್ನೊಂದು ತಿಂಗಳಿಗೆ ಹೋಗಿರಬೇಕು. ಕಾರ್ಡ್ ಬಿಲ್‌ನಿಂದ ಇದು ಆಗೋದಿಲ್ಲ.

ಮನೆ ವಿಭಾಗ ತೆರೆದು ಮೇ 1ರಿಂದ 5ರವರೆಗೆ ಏನೇನಿದೆ ಅಂತ ಇಲ್ಲಿ ಬರೆಯಿರಿ. ಮೊತ್ತ ಬೇಡ. ತಾರೀಖು, ವಿವರ ಸಾಕು.

ಕಾರ್ಡ್‌ಲೆಕ್ಕ
ವಿಭಾಗ ಕೊಟ್ಟ ಟ್ರಾನ್ಸ್‌ಫರ್‌ನಿಂದ ಇದು ಆಗಬಹುದು ಅಂತಲೇ ನನ್ನ ಅಭಿಪ್ರಾಯ. ಅವರು ಕಾರ್ಡ್ ಖಾತೆ ನೋಡಿದರಾ ಇಲ್ಲವಾ ಅಂತ ಇನ್ನೂ ಹೇಳಿಲ್ಲ.

ನೀಲಿಕೊಡೆ
ಕಾರ್ಡ್ ಖಾತೆ ಪೂರ್ತಿ ನೋಡಿದೆ. ಟ್ರಾನ್ಸ್‌ಫರ್‌ಗೆ ಎಲ್ಲೂ ವಿಭಾಗ ಇಲ್ಲ.

ಮನೆ ವಿಭಾಗ ಹೀಗಿದೆ:
ಮೇ 1 – ಬಾಡಿಗೆ
ಮೇ 2 – ಬಾಡಿಗೆ
ಮೇ 3 – ಬಾಡಿಗೆ
ಮೇ 4 – ಬಾಡಿಗೆ
ಮೇ 5 – ಬಾಡಿಗೆ

ಬಾಡಿಗೆ ತಿಂಗಳಿಗೆ ಒಂದೇ ಸಲ, 5ನೇ ತಾರೀಖು ಕಟ್ಟೋದು. ಹಳೇ ಆ್ಯಪ್‌ನಲ್ಲಿ ಎಲ್ಲ ಸರಿಯಾಗಿತ್ತು. ಆ ಫೈಲ್ ಇಲ್ಲಿಗೆ ತಂದಾಗ "ಯಶಸ್ವಿ" ಅಂತ ಹಸಿರು ಟಿಕ್ ಬಂದಿತ್ತು.

ಜಮಾಖರ್ಚು
ಹಳೇ ಆ್ಯಪಾ! ಯಾವಾಗ ಬದಲಾಯಿಸಿದಿರಿ? ಯಾವ ಫೈಲ್?

ನೀಲಿಕೊಡೆ
ಈ ತಿಂಗಳೇ. ಹಳೇ ಆ್ಯಪ್‌ನಿಂದ ಸಿಎಸ್‌ವಿ (ಕಾಮಾ ಹಾಕಿ ಸಾಲುಸಾಲಾಗಿ ಬರೆದ ಟೆಕ್ಸ್ಟ್ ಫೈಲ್) ಎಕ್ಸ್‌ಪೋರ್ಟ್ ಮಾಡಿ ಇದರಲ್ಲಿ ಇಂಪೋರ್ಟ್ ಮಾಡಿದೆ. ಹೋದ ವರ್ಷದ್ದೂ ಸೇರಿ. ಆಮೇಲಿನದ್ದೆಲ್ಲ ಕೈಯಿಂದ ಹಾಕಿದ್ದು.

ಜಮಾಖರ್ಚು
ಸಿಕ್ಕಿತು. ನಿಮ್ಮ ಮೊತ್ತಗಳೆಲ್ಲ ಸರಿ ಇವೆ, ತಾರೀಖು ತಿರುಗಿದೆ.

ಹಳೇ ಫೈಲಿನಲ್ಲಿ ತಾರೀಖು ದಿನ/ತಿಂಗಳು ಕ್ರಮದಲ್ಲಿದೆ. ಹೊಸ ಆ್ಯಪ್ ಅದನ್ನು ತಿಂಗಳು/ದಿನ ಅಂತ ಓದಿದೆ. ಜನವರಿ ಬಾಡಿಗೆ 05/01, ಅದನ್ನು ಮೇ 1 ಮಾಡಿದೆ. ಫೆಬ್ರವರಿಯದ್ದು 05/02, ಅದು ಮೇ 2. ಹೀಗೆ ಐದು ತಿಂಗಳ ಬಾಡಿಗೆ ಒಂದೇ ಮೇ ತಿಂಗಳಿಗೆ ಬಂದು ಕೂತಿದೆ. ಮೇ 5 ಮಾತ್ರ ಹೇಗೆ ಓದಿದರೂ ಮೇ 5.

ಹಸಿರು ಟಿಕ್ ಬಂದದ್ದು ಯಾಕೆ ಅಂದರೆ ಯಾವ ಸಾಲೂ ಬಿದ್ದುಹೋಗಲಿಲ್ಲ. 13ನೇ ತಾರೀಖಿನಿಂದ ಮುಂದಿನ ಎಂಟ್ರಿಗಳನ್ನು ಆ್ಯಪ್ ಸರಿಯಾಗಿ ಓದಿದೆ, ಯಾಕಂದರೆ 13ನೇ ತಿಂಗಳು ಇಲ್ಲ. 12ರವರೆಗಿನ ತಾರೀಖುಗಳನ್ನು ಮಾತ್ರ ತಿರುಗಿಸಿದೆ. ಸಾಲಿಗೊಂದು ಊಹೆ ಮಾಡುವ ಇಂಪೋರ್ಟ್‌ನಲ್ಲಿ ಇದೇ ಅಪಾಯ. ಎಲ್ಲವೂ ತಪ್ಪಿದ್ದರೆ ಅವತ್ತೇ ಕಣ್ಣಿಗೆ ಬೀಳುತ್ತಿತ್ತು. ಅರ್ಧ ಸರಿ ಇರೋದರಿಂದ ಯಾರಿಗೂ ಅನುಮಾನ ಬರೋದಿಲ್ಲ.

ಬ್ಯಾಲೆನ್ಸ್ ಜಾಸ್ತಿ ಕಾಣೋದೂ ಇದರಿಂದಲೇ. ಮಾರ್ಚ್ 10ರ ಖರ್ಚು ಅಕ್ಟೋಬರ್ 3 ಆಗಿರುತ್ತದೆ. ಅಕ್ಟೋಬರ್ ಇನ್ನೂ ಬಂದಿಲ್ಲ, ಹಾಗಾಗಿ ಇವತ್ತಿನ ಬ್ಯಾಲೆನ್ಸ್‌ನಿಂದ ಅದು ಕಳೆಯೋದಿಲ್ಲ. ಈ ವರ್ಷದ 6ರಿಂದ 12ನೇ ತಾರೀಖಿನ ಖರ್ಚುಗಳೆಲ್ಲ ಹೀಗೆ ಜೂನ್‌ನಿಂದ ಡಿಸೆಂಬರ್‌ವರೆಗೆ ಹೋಗಿ ಕೂತಿವೆ. ನಿಮ್ಮ ಸಂಬಳ ತಿಂಗಳ ಕೊನೆಗೆ ಬರೋದಿದ್ದರೆ ಆದಾಯ ಮಾತ್ರ ಸರಿಯಾದ ಜಾಗದಲ್ಲೇ ಇರುತ್ತದೆ.

ನಂಬಿಕೆ ಬರದಿದ್ದರೆ ಹೋದ ವರ್ಷದ ಮೇ ತೆರೆದು ನೋಡಿ. 1ರಿಂದ 12ರವರೆಗೆ ದಿನಕ್ಕೊಂದು ಬಾಡಿಗೆ ಇರಬೇಕು.

ನೀಲಿಕೊಡೆ
ಅಬ್ಬಾ! ಹನ್ನೆರಡೂ ಇವೆ, ಸಾಲಾಗಿ. ಬೇರೆ ಯಾವ ತಿಂಗಳಲ್ಲೂ ಬಾಡಿಗೆಯೇ ಇಲ್ಲ. ಸಂಬಳ ಕೊನೇ ದಿನವೇ ಬರೋದು. ಈಗ ಒಂದೊಂದೇ ಎಂಟ್ರಿ ತಿದ್ದಬೇಕಾ? ತುಂಬಾ ಇವೆ.

ಜಮಾಖರ್ಚು
ಬೇಡ ಬೇಡ, ಒಂದನ್ನೂ ಕೈಯಿಂದ ತಿದ್ದಬೇಡಿ. ಮೊದಲು ಈಗ ಇರೋದನ್ನೇ ಪೂರ್ತಿ ಬ್ಯಾಕಪ್ ತಗೊಳ್ಳಿ. ತಪ್ಪಿರೋದಾದರೂ ಪರವಾಗಿಲ್ಲ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಇಂಪೋರ್ಟ್ ಇತಿಹಾಸ ಇದೆಯಾ ನೋಡಿ. ಇದ್ದರೆ ಆ ಒಂದು ಇಂಪೋರ್ಟ್ ಮಾತ್ರ ರದ್ದು ಮಾಡಬಹುದು. ಕೈಯಿಂದ ಹಾಕಿದ್ದು ಹಾಗೇ ಉಳಿಯುತ್ತದೆ. ರದ್ದು ಮಾಡದೆ ಇನ್ನೊಂದು ಸಲ ಇಂಪೋರ್ಟ್ ಮಾಡಿದರೆ ಎಲ್ಲವೂ ಡಬಲ್ ಆಗುತ್ತದೆ. ತಾರೀಖು ಬೇರೆ ಆಗಿರೋದರಿಂದ ಆ್ಯಪ್‌ಗೂ ಅದು ಗೊತ್ತಾಗೋದಿಲ್ಲ.

ಮತ್ತೆ ಇಂಪೋರ್ಟ್ ಮಾಡುವಾಗ ತಾರೀಖಿನ ಕ್ರಮ ಕೇಳುವ ಆಯ್ಕೆ ಎಲ್ಲಿದೆ ಅಂತ ಹುಡುಕಿ. "ಆಟೋ" ಅಂತ ಇರುತ್ತದೆ. ಅದನ್ನು ದಿನ/ತಿಂಗಳು/ವರ್ಷ ಮಾಡಿ. ಆ ಆಯ್ಕೆಯೇ ಇಲ್ಲದಿದ್ದರೆ ಫೈಲಿನಲ್ಲೇ ತಾರೀಖನ್ನು ವರ್ಷ-ತಿಂಗಳು-ದಿನ ಮಾಡಬೇಕು. ತಾರೀಖು ಬರೆಯುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 8601 ಹೇಳೋದು ಅದೇ ಕ್ರಮ. ಅದನ್ನು ಎರಡು ರೀತಿ ಓದೋದಕ್ಕೆ ಜಾಗವಿಲ್ಲ.

ಟೆಕ್ಸ್ಟ್‌ಫೈಲ್
ಒಂದು ಮಾತು ಸೇರಿಸುತ್ತೇನೆ. ಫೈಲನ್ನು ತಿದ್ದೋದಿದ್ದರೆ ಸ್ಪ್ರೆಡ್‌ಶೀಟ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಕಂಪ್ಯೂಟರಿನ ಪ್ರದೇಶ ಸೆಟ್ಟಿಂಗ್ ನೋಡಿಕೊಂಡು ಅದೂ ತಾರೀಖನ್ನು ಊಹೆ ಮಾಡುತ್ತದೆ. ತಾರೀಖಿನ ಕಾಲಂ ಅನ್ನು ಟೆಕ್ಸ್ಟ್ ಅಂತ ಗುರುತಿಸಿ ತರಿಸಿಕೊಳ್ಳಿ.

ಬ್ಯಾಂಕ್ ಒಎಫ್‌ಎಕ್ಸ್ ಫೈಲ್ (ಹಣದ ವ್ಯವಹಾರಗಳನ್ನು ಬರೆಯೋದಕ್ಕೇ ಇರುವ ಫೈಲ್ ಮಾದರಿ) ಕೊಡೋದಾದರೆ ಸಿಎಸ್‌ವಿ ಬದಲು ಅದನ್ನೇ ತಗೊಳ್ಳಿ. ಅದರಲ್ಲಿ ತಾರೀಖು ವರ್ಷ, ತಿಂಗಳು, ದಿನ ಅಂತ ಒಟ್ಟಿಗೆ ಬರೆದಿರುತ್ತದೆ. ಪ್ರತಿ ವ್ಯವಹಾರಕ್ಕೂ ಒಂದು ಗುರುತಿನ ಸಂಖ್ಯೆ ಇರುತ್ತದೆ, ಎಫ್‌ಐಟಿಐಡಿ ಅಂತ. ಅದನ್ನು ಗಮನಿಸುವ ಆ್ಯಪ್‌ನಲ್ಲಿ ಎರಡು ಸಲ ಇಂಪೋರ್ಟ್ ಆದರೂ ಡಬಲ್ ಆಗೋದಿಲ್ಲ.

ಕಾರ್ಡ್‌ಲೆಕ್ಕ
ತಾರೀಖಿನ ವಿಷಯ ಒಪ್ಪಿದೆ. ಆದರೂ ಈ ಚರ್ಚೆ ಮುಂದೆ ಓದುವವರಿಗೆ ಹೇಳುತ್ತೇನೆ: ಬಜೆಟ್ ಜಾಸ್ತಿ ತೋರಿಸಿದರೆ ಮೊದಲು ಕಾರ್ಡ್ ಬಿಲ್ ನೋಡಿ.

ಜಮಾಖರ್ಚು
ಮೊದಲು ಬ್ಯಾಲೆನ್ಸ್ ನೋಡಿ. ಬ್ಯಾಲೆನ್ಸ್ ಸರಿ ಇದ್ದು ಬಜೆಟ್ ಮಾತ್ರ ಜಾಸ್ತಿ ಇದ್ದರೆ ಆಗ ಕಾರ್ಡ್ ಬಿಲ್ ಅನುಮಾನಿಸೋಣ. ಬ್ಯಾಲೆನ್ಸ್ ಕೂಡ ತಪ್ಪಿದ್ದರೆ ತಾರೀಖು, ಡಬಲ್ ಎಂಟ್ರಿ, ಬಿಟ್ಟುಹೋದ ಎಂಟ್ರಿ. ಈ ಕ್ರಮದಲ್ಲಿ ಹೋದರೆ ಸುಮ್ನೆ ಅಲೆದಾಡೋದು ತಪ್ಪುತ್ತದೆ.

ನೀಲಿಕೊಡೆ
ಆಯಿತು! ಇಂಪೋರ್ಟ್ ಇತಿಹಾಸ ಇತ್ತು, ರದ್ದು ಮಾಡಿದೆ. ತಾರೀಖಿನ ಆಯ್ಕೆ "ಹೆಚ್ಚಿನ ಆಯ್ಕೆಗಳು" ಅನ್ನೋ ಸಾಲಿನ ಒಳಗೆ ಮಡಚಿಕೊಂಡಿತ್ತು. ಒತ್ತದಿದ್ದರೆ ಕಾಣೋದೇ ಇಲ್ಲ. ದಿನ/ತಿಂಗಳು/ವರ್ಷ ಕೊಟ್ಟು ಮತ್ತೆ ತಂದೆ. ಈಗ ಪ್ರತಿ ತಿಂಗಳ 5ಕ್ಕೆ ಒಂದೇ ಬಾಡಿಗೆ, ಮೇ ಬಜೆಟ್ ಹಸಿರು. ತುಂಬಾ ತುಂಬಾ ಧನ್ಯವಾದ ಜಮಾಖರ್ಚು ಅವರೇ.

ಬ್ಯಾಲೆನ್ಸ್ ಮಾತ್ರ ಇನ್ನೂ 630 ಜಾಸ್ತಿ ತೋರಿಸುತ್ತಿದೆ. ಹಳೇ ಆ್ಯಪ್‌ನಲ್ಲಿ ಬ್ಯಾಂಕಿಗೆ ಸರಿಯಾಗಿ ಹೊಂದುತ್ತಿತ್ತು. "ಹೊಂದಾಣಿಕೆ" ಅಂತ ಒಂದು ಎಂಟ್ರಿ ಹಾಕಿ ಮುಗಿಸಿಬಿಡಲಾ?

ಕೈಬರಹ
ಹೊಂದಾಣಿಕೆ ಎಂಟ್ರಿ ಈಗಲೇ ಹಾಕಬೇಡಿ. ಹಾಕಿದರೆ ನಿಜವಾದ ತಪ್ಪು ಒಳಗೇ ಉಳಿಯುತ್ತದೆ. ಕೈಯಿಂದ ಲೆಕ್ಕ ಬರೆಯುವವರು ಹಿಂದಿನಿಂದಲೂ ಮಾಡುವ ಒಂದು ಪರೀಕ್ಷೆ ಇದೆ. ವ್ಯತ್ಯಾಸವನ್ನು 9ರಿಂದ ಭಾಗಿಸಿ. ಶೇಷ ಉಳಿಯದಿದ್ದರೆ ಎಲ್ಲೋ ಎರಡು ಅಂಕಿ ಅದಲುಬದಲಾಗಿರುವ ಸಾಧ್ಯತೆ ಜಾಸ್ತಿ.

630 ಭಾಗಿಸು 9, ಸರಿಯಾಗಿ 70. ಅಂದರೆ ನೂರರ ಸ್ಥಾನ, ಹತ್ತರ ಸ್ಥಾನ ಬದಲಾಗಿವೆ, ಆ ಎರಡು ಅಂಕಿಗಳ ನಡುವೆ 7ರ ಅಂತರ ಇದೆ. ಬ್ಯಾಲೆನ್ಸ್ ಜಾಸ್ತಿ ಇರೋದರಿಂದ ಖರ್ಚು ಕಮ್ಮಿ ಬರೆದಿದ್ದೀರಿ. ಹಾಗಾಗಿ ಆ ಎರಡು ಸ್ಥಾನದಲ್ಲಿ 07, 18 ಅಥವಾ 29 ಇರುವ ಖರ್ಚುಗಳನ್ನು ಹುಡುಕಿ. ಇಂಪೋರ್ಟ್ ಆದದ್ದು ಬೇಡ, ಕೈಯಿಂದ ಹಾಕಿದ್ದರಲ್ಲೇ ಇರುತ್ತದೆ.

ಅಲ್ಲಿ ಸಿಗದಿದ್ದರೆ ವ್ಯತ್ಯಾಸದ ಅರ್ಧ, 315, ಅಷ್ಟು ಮೊತ್ತದ ಎಂಟ್ರಿ ಇದೆಯಾ ನೋಡಿ. ಖರ್ಚನ್ನು ಆದಾಯ ಅಂತ ಹಾಕಿದ್ದರೆ ವ್ಯತ್ಯಾಸ ಆ ಮೊತ್ತದ ಎರಡರಷ್ಟು ಬರುತ್ತದೆ.

ನೀಲಿಕೊಡೆ
ಸಿಕ್ಕಿತು!! 810 ಇರಬೇಕಾದ ಕಡೆ 180. ಹುಡುಕೋದಕ್ಕೆ ನಿಮಿಷವೂ ಹಿಡಿಯಲಿಲ್ಲ. ಈಗ ಬ್ಯಾಂಕಿಗೆ ಪೂರ್ತಿ ಹೊಂದುತ್ತಿದೆ. ಕೈಬರಹ ಅವರೇ, ಈ ಪರೀಕ್ಷೆಯನ್ನು ಎಲ್ಲರಿಗೂ ಹೇಳಿಕೊಡಬೇಕು.

ಟೆಕ್ಸ್ಟ್‌ಫೈಲ್
9ರ ಪರೀಕ್ಷೆಯನ್ನು ನನ್ನ ಸ್ಕ್ರಿಪ್ಟ್‌ಗೂ ಸೇರಿಸುತ್ತೇನೆ. ಬ್ಯಾಕಪ್ ಸ್ಕ್ರಿಪ್ಟ್‌ಗೆ ಹೊಸ ಚರ್ಚೆ ತೆರೆದಿದ್ದೇನೆ, ಆಸಕ್ತಿ ಇರುವವರು ಬನ್ನಿ.

ಹೊಸಬ_07
ಇಲ್ಲೇ ಕೇಳಬಹುದಾ? ನನಗೂ ತಿಂಗಳ ಸಮಸ್ಯೆ. ತಿಂಗಳ ಕೊನೇ ರಾತ್ರಿ ಹಾಕಿದ ಖರ್ಚು ಮುಂದಿನ ತಿಂಗಳ ವರದಿಗೆ ಹೋಗುತ್ತಿದೆ. ಹಗಲು ಹಾಕಿದ್ದು ಸರಿಯಾಗಿದೆ. ಇಂಪೋರ್ಟ್ ಏನೂ ಮಾಡಿಲ್ಲ.

ಜಮಾಖರ್ಚು
ರಾತ್ರಿಯದ್ದು ಮಾತ್ರ ಅಂದರೆ ಟೈಮ್‌ಝೋನ್ ನೋಡಬೇಕು. ಆ್ಯಪ್ ಖರ್ಚಿನ ಸಮಯವನ್ನು ಬೇರೆ ಝೋನ್‌ಗೆ ಬದಲಾಯಿಸಿ ಇಟ್ಟುಕೊಂಡು, ವರದಿ ಮಾಡುವಾಗ ನಿಮ್ಮ ಝೋನ್‌ಗೆ ವಾಪಸ್ ತರದಿದ್ದರೆ ಮಧ್ಯರಾತ್ರಿಯ ಗಡಿ ಸರಿಯುತ್ತದೆ. ಫೋನಿನಲ್ಲಿ ಝೋನ್ ತಾನಾಗಿ ಹೊಂದುವಂತೆ ಇದೆಯಾ? ಆ್ಯಪ್‌ನ ಒಳಗೆ ಬೇರೆ ಝೋನ್ ಸೆಟ್ಟಿಂಗ್ ಇದೆಯಾ? ಎರಡು ಫೋನಿನಲ್ಲಿ ಬಳಸುತ್ತೀರಾ?

ಹೊಸಬ_07
ಎರಡು ಫೋನ್. ಇನ್ನೊಂದರ ಝೋನ್ ನೋಡಿ ಹೇಳುತ್ತೇನೆ.