ಜುಲೈ ಟ್ರಿಪ್: ‘ತೋಟದಮನೆ ಬಳಗ’ ಅನ್ನುವ ನಮ್ಮ ಮನೆಯವರ ಗ್ರೂಪಿನಲ್ಲಿ ರಾತ್ರಿ ಹನ್ನೊಂದರವರೆಗೆ ನಡೆದ ಮಾತು

ಬೆಂಗಳೂರು ಚಿಕ್ಕಪ್ಪ: (ಫೋಟೋ) ಎಲ್ಲರೂ ನೋಡಿ. ಆಗುಂಬೆ ಹತ್ತಿರ ಮಳೆಕಾಡಿನ ಇಕೋ ರೆಸಾರ್ಟ್. ರೇನ್ ಡ್ಯಾನ್ಸ್, ಡಿಜೆ, ಕ್ಯಾಂಪ್ ಫೈರ್, ಇನ್ಫಿನಿಟಿ ಪೂಲ್, ರಾತ್ರಿ ಜೀಪ್ ಸಫಾರಿ. ಕಾಳಿಂಗ ಸರ್ಪ ನೋಡುವುದು ಗ್ಯಾರಂಟಿ ಅಂತೆ. ತಲೆಗೆ ಒಂದು ರಾತ್ರಿಗೆ 6,500. ಜುಲೈ ಎರಡನೇ ವಾರ, ಎರಡು ರಾತ್ರಿ, 18 ಜನ. 20,000 ಅಡ್ವಾನ್ಸ್ ಕಳಿಸಿ ಆಯಿತು.

ಮೈಸೂರು ಅತ್ತಿಗೆ: ಪೂಲ್ ಇದೆಯಾ! ಮಕ್ಕಳು ಈಗಲೇ ಕುಣಿಯುತ್ತಿದ್ದಾರೆ.

ಅಮೆರಿಕದ ಅಣ್ಣ: ಚೆನ್ನಾಗಿದೆ ಚಿಕ್ಕಪ್ಪ. ನಮಗೆ ರಜೆ ಸಿಗುವುದು ಜುಲೈಯಲ್ಲಿ ಮಾತ್ರ. ಮಂಗಳೂರಿಗೆ ಬಂದು ಇಳಿಯುತ್ತೇವೆ.

ದೊಡ್ಡಪ್ಪ: ಕಮೋಡ್ ಇದೆಯಾ ಕೇಳಿದ್ದೀಯಾ?

ನಾನು: ಚಿಕ್ಕಪ್ಪ, ಜುಲೈಯಲ್ಲಿ ಆಗುಂಬೆಗೆ ಹೋಗೋಣ, ಖಂಡಿತ ಹೋಗೋಣ. ಆದರೆ ಈ ಜಾಗ ಬೇಡ. ಆ ಫೋಟೋ ದೊಡ್ಡದು ಮಾಡಿ ನೋಡಿ. ಪೂಲ್ ಹಿಂದೆ ಕೆಂಪು ಸೂರ್ಯ ಮುಳುಗುತ್ತಿದ್ದಾನೆ. ನಾನು ಅಲ್ಲಿಂದ ಮೂವತ್ತು ಕಿಲೋಮೀಟರ್ ದೂರದಲ್ಲಿ, ತೀರ್ಥಹಳ್ಳಿಯಲ್ಲಿ ಇದ್ದೇನೆ. ಜುಲೈಯಲ್ಲಿ ಅಲ್ಲಿ ಸೂರ್ಯನೇ ಕಾಣುವುದಿಲ್ಲ, ಇನ್ನು ಮುಳುಗುವುದು ಎಲ್ಲಿ ಕಾಣಬೇಕು? ಎದುರಿಗಿರುವ ಮರವೇ ಮಂಜಿನಲ್ಲಿ ಮರೆಯಾಗುತ್ತದೆ. ಬೆಂಗಳೂರಿಗೆ ವರ್ಷಕ್ಕೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಆಗುಂಬೆಗೆ ಸರಾಸರಿ 7,000ಕ್ಕೂ ಜಾಸ್ತಿ, ಅದರಲ್ಲಿ ಜುಲೈ ತಿಂಗಳದ್ದೇ ದೊಡ್ಡ ಪಾಲು. ಅಂಥ ಮಳೆಯಲ್ಲಿ ಕ್ಯಾಂಪ್ ಫೈರ್ ಹಾಕುತ್ತೇವೆ ಅನ್ನುವವರು ಆ ಊರಿನ ಜುಲೈ ನೋಡಿಯೇ ಇಲ್ಲ, ಅಥವಾ ನೋಡಿಯೂ ಸುಳ್ಳು ಹೇಳುತ್ತಿದ್ದಾರೆ.

ಬೆಂಗಳೂರು ಚಿಕ್ಕಪ್ಪ: ಮೂರು ವಾರದಿಂದ ನಾನೊಬ್ಬನೇ ಎಲ್ಲರಿಗೂ ಫೋನ್ ಮಾಡುತ್ತಿದ್ದೇನೆ. ಎಲ್ಲಿಗೆ ಹೋಗೋಣ ಅಂತ ಇದೇ ಗ್ರೂಪಿನಲ್ಲಿ ಎರಡು ಸಲ ಕೇಳಿದೆ. ನೀನೂ ಸೇರಿ ಯಾರೂ ಬಾಯಿ ಬಿಡಲಿಲ್ಲ. ಈಗ ದುಡ್ಡು ಕಟ್ಟಿದ ಮೇಲೆ ಶುರು ಮಾಡಿದ್ದೀಯ.

ನಾನು: ಅದು ನನ್ನದೇ ತಪ್ಪು. ಪರೀಕ್ಷೆ ಪೇಪರ್ ತಿದ್ದುವ ಗಡಿಬಿಡಿಯಲ್ಲಿ ಮೆಸೇಜ್ ನೋಡಿ ಸುಮ್ಮನಿದ್ದೆ. ಅದಕ್ಕೇ ಈಗಲಾದರೂ ಹೇಳುತ್ತಿದ್ದೇನೆ. ಅಡ್ವಾನ್ಸ್ ವಿಷಯಕ್ಕೆ ಆಮೇಲೆ ಬರುತ್ತೇನೆ, ಅದು ನಿಮ್ಮೊಬ್ಬರ ತಲೆ ಮೇಲೆ ಬೀಳಬಾರದು.

ನನಗೆ ಜಾಸ್ತಿ ಸಂಕಟ ಆಗಿರುವುದು ಕಾಳಿಂಗದ ಗ್ಯಾರಂಟಿ ಓದಿ. ಕಾಳಿಂಗ ತನ್ನ ಪಾಡಿಗೆ ಓಡಾಡುವ ಹಾವು. ಇಲ್ಲೇ ಹುಟ್ಟಿ ಬೆಳೆದ ನನಗೆ ನಲವತ್ತು ವರ್ಷದಲ್ಲಿ ಕಂಡಿದ್ದು ನಾಲ್ಕು ಸಲ. ಗ್ಯಾರಂಟಿಯಾಗಿ ತೋರಿಸಬೇಕು ಅಂದರೆ ಒಂದೋ ಹಿಡಿದು ಇಟ್ಟುಕೊಂಡಿರಬೇಕು, ಇಲ್ಲವೇ ಎಲ್ಲಿಂದಲೋ ಎಳೆದು ತರಬೇಕು. ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ನಮ್ಮ ಮಕ್ಕಳನ್ನು ಕರೆದುಕೊಂಡು ಹೋಗಿ ಅದನ್ನು ನೋಡುವುದಾ?

ಹುಬ್ಬಳ್ಳಿ ಭಾವ: ಆಗುಂಬೆಯಲ್ಲಿ ಹಾವಿನ ಸಂಶೋಧನೆ ಕೇಂದ್ರ ಇದೆಯಲ್ಲ? ಅವರೇ ತೋರಿಸಬಹುದು.

ನಾನು: ಅದು ಬೇರೆ ಭಾವ. ಹಾವುಗಳ ತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಶುರು ಮಾಡಿದ ಮಳೆಕಾಡು ಸಂಶೋಧನಾ ಕೇಂದ್ರ ಅದು. ಕಾಳಿಂಗಕ್ಕೆ ಪುಟ್ಟ ರೇಡಿಯೋ ಟ್ರಾನ್ಸ್‌ಮಿಟರ್ ಇಟ್ಟು, ಅದರ ಹಿಂದೆ ಕಾಡು ಸುತ್ತಿ, ಎಲ್ಲಿ ಮಲಗುತ್ತದೆ, ಏನು ತಿನ್ನುತ್ತದೆ ಅಂತ ತಿಳಿದುಕೊಂಡವರು. ಆಟ ಆಡಿಸಿ ತೋರಿಸುವ ಜಾಗ ಅಲ್ಲ.

ಇನ್ನೊಂದು ಸಂಗತಿ ಕೇಳಿ. 2024ರಲ್ಲಿ ನಮ್ಮ ಪಶ್ಚಿಮ ಘಟ್ಟದ ಕಾಳಿಂಗವೇ ಬೇರೆ ಜಾತಿ ಅಂತ ವಿಜ್ಞಾನಿಗಳು ಹೆಸರಿಟ್ಟರು. ಹೆಸರು ಒಫಿಯೋಫೇಗಸ್ ಕಾಳಿಂಗ. ನಮ್ಮ ಕನ್ನಡದ ಮಾತು ಜಗತ್ತಿನ ವಿಜ್ಞಾನದ ಪುಸ್ತಕಕ್ಕೆ ಹೋಯಿತು! ಅದನ್ನು ಓದಿದ ದಿನ ಕ್ಲಾಸಿನಲ್ಲಿ ಮಕ್ಕಳಿಗೆ ಹೇಳುವಾಗ ಗಂಟಲು ಕಟ್ಟಿತ್ತು ನನಗೆ.

ಪುಟ್ಟಿ: ಅತ್ತೆ, ಕಾಳಿಂಗ ಗೂಡು ಕಟ್ಟುತ್ತದೆ ಅನ್ನುವುದು ನಿಜವಾ?

ನಾನು: ನಿಜ ಪುಟ್ಟಿ. ಹೆಣ್ಣು ಕಾಳಿಂಗ ಬೇಸಿಗೆಯಲ್ಲಿ ಮೈಯಿಂದಲೇ ತರಗೆಲೆ ಬಳಿದು ರಾಶಿ ಮಾಡಿ ಮೊಟ್ಟೆ ಇಡುತ್ತದೆ. ಮಳೆಗಾಲದಲ್ಲಿ ಮರಿ ಹೊರಗೆ ಬರುತ್ತವೆ. ಅಂದರೆ ನಾವು ಹೋಗುವ ಸಮಯಕ್ಕೆ ಆ ಮರಿಗಳು ಕಾಡಿನ ನೆಲದ ಮೇಲೆ ಓಡಾಡಿಕೊಂಡಿರುತ್ತವೆ. ಕಪ್ಪೆಗಳೂ ಅಷ್ಟೆ, ಮಳೆ ರಾತ್ರಿ ರಸ್ತೆ ದಾಟುತ್ತಿರುತ್ತವೆ. ರಾತ್ರಿ ಜೀಪ್ ಓಡಿಸಿದರೆ ಚಕ್ರದ ಕೆಳಗೆ ಏನು ಸಿಗುತ್ತದೆ ಹೇಳು. ಬೆಳಿಗ್ಗೆ ಶಾಲೆಗೆ ಹೋಗುವಾಗ ಡಾಂಬರಿಗೆ ಅಂಟಿದ ಕಪ್ಪೆಗಳನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಮೈಸೂರು ಅತ್ತಿಗೆ: ಸರಿ, ಸಫಾರಿ ಬೇಡ. ಡಿಜೆಯಿಂದ ಏನು ತೊಂದರೆ? ಎಲ್ಲರೂ ಸೇರಿ ಕುಣಿದು ಎಷ್ಟು ವರ್ಷ ಆಯಿತು.

ನಾನು: ಕುಣಿಯೋಣ ಅತ್ತಿಗೆ, ಮನೆ ಜಗಲಿಯಲ್ಲಿ ಹಾಡಿಕೊಂಡು ಕುಣಿಯೋಣ. ಕಾಡಿನ ನಡುವೆ ದೊಡ್ಡ ಸ್ಪೀಕರ್ ಹಾಕುವುದು ಬೇಡ ಅಂತ ಅಷ್ಟೇ.

ಹೋದ ವರ್ಷ ಜುಲೈಯಲ್ಲಿ ಗೆಳತಿಯ ತೋಟದ ಹೊಂಡದ ಹತ್ತಿರ ಒಂದು ರಾತ್ರಿ ಕೂತಿದ್ದೆ. ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಂಡಿದ್ದೆವು. ಹೊಂಡದ ಮೇಲೆ ಬಾಗಿದ ಕೊಂಬೆಯಲ್ಲಿ ಮಲಬಾರ್ ಹಾರುಕಪ್ಪೆ. ಎಳೆ ಬಾಳೆ ಎಲೆಯ ಹಸಿರು, ಬೆರಳುಗಳ ನಡುವೆ ಕಿತ್ತಳೆ ಬಣ್ಣದ ಪೊರೆ. ಹೆಣ್ಣು ಹಿಂಗಾಲಿನಲ್ಲಿ ಕಡೆದೂ ಕಡೆದೂ ನೊರೆ ಎಬ್ಬಿಸುತ್ತಿತ್ತು, ಅಜ್ಜಿ ಮಜ್ಜಿಗೆ ಕಡೆಯುವ ಹಾಗೆ. ಆ ನೊರೆಯೊಳಗೆ ಮೊಟ್ಟೆ. ಕೆಲವು ದಿನ ಬಿಟ್ಟು ನೊರೆ ಕರಗಿ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಬೀಳುತ್ತವೆ. ಇಷ್ಟೆಲ್ಲ ಶುರುವಾಗುವುದು ಗಂಡಿನ ಒಂದು ಕೂಗಿನಿಂದ. ಅದು ಕೂಗಬೇಕು, ಹೆಣ್ಣಿಗೆ ಅದು ಕೇಳಬೇಕು. ಪಕ್ಕದಲ್ಲಿ ಡಿಜೆ ಬಡಿಯುತ್ತಿದ್ದರೆ ಏನು ಕೇಳಬೇಕು? ಅವಕ್ಕೆ ವರ್ಷಕ್ಕೆ ಇರುವುದು ಇದೊಂದೇ ಮಳೆಗಾಲ.

ಹುಬ್ಬಳ್ಳಿ ಭಾವ: ನೀವು ಹೇಳುವುದು ಒಪ್ಪುತ್ತೇನೆ. ಆದರೆ ಆ ರೆಸಾರ್ಟಿನಲ್ಲಿ ಊರಿನ ಹುಡುಗರೇ ಕೆಲಸಕ್ಕಿರುತ್ತಾರೆ. ನಾವು ಹೋಗಲಿಲ್ಲ ಅಂದರೆ ನಷ್ಟ ಅವರಿಗೂ ಅಲ್ವಾ?

ನಾನು: ಈ ಮಾತನ್ನು ತಳ್ಳಿಹಾಕುವ ಹಾಗಿಲ್ಲ ಭಾವ. ನನ್ನ ಹಳೇ ವಿದ್ಯಾರ್ಥಿಗಳೇ ಆ ಕಡೆ ರೆಸಾರ್ಟುಗಳಲ್ಲಿ ಕೆಲಸ ಮಾಡುತ್ತಾರೆ. ಅಡಿಕೆಗೆ ಕೊಳೆರೋಗ ಬಂದ ವರ್ಷ ಆ ಸಂಬಳವೇ ಮನೆ ನಡೆಸುತ್ತದೆ. ನಾನು ದುಡ್ಡು ಆ ಊರಿಗೆ ಹೋಗುವುದೇ ಬೇಡ ಅಂದಿಲ್ಲ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮೇಗರವಳ್ಳಿ ಕಡೆ ಒಂದು ತೋಟದ ಮನೆ ಹೋಂಸ್ಟೇ ಇದೆ. ಗಂಡ ಹೆಂಡತಿ ನಡೆಸುತ್ತಾರೆ, ಅಡುಗೆಗೆ ಪಕ್ಕದ ಮನೆಯ ಇಬ್ಬರು ಬರುತ್ತಾರೆ. ಆರು ಕೋಣೆ, ಒಂದು ದೊಡ್ಡ ಹಜಾರ. ಊಟ ತಿಂಡಿ ಎಲ್ಲ ಸೇರಿ ತಲೆಗೆ 2,200. ನಮ್ಮ 18 ಜನಕ್ಕೆ ಎರಡು ರಾತ್ರಿಗೆ 79,200. ರೆಸಾರ್ಟಿನಲ್ಲಿ 2,34,000. ಕಳಲೆ ಪಲ್ಯ, ಪತ್ರೊಡೆ, ಹಲಸಿನಹಣ್ಣಿನ ಕಡುಬು ಎಲ್ಲ ಆಗ ಸಿಗುತ್ತದೆ. ಕರೆಂಟ್ ಹೋದರೂ ಬಚ್ಚಲ ಒಲೆಯ ಹಂಡೆಯಲ್ಲಿ ಬಿಸಿನೀರು ಇದ್ದೇ ಇರುತ್ತದೆ.

ಮೈಸೂರು ಅತ್ತಿಗೆ: ಜಿಗಣೆ?

ನಾನು: ಇರುತ್ತವೆ. ಇಲ್ಲ ಅಂತ ಹೇಳುವುದಿಲ್ಲ. ನಮ್ಮ ಕಡೆ ಅದಕ್ಕೆ ಇಂಬಳ ಅನ್ನುತ್ತೇವೆ. ಹತ್ತಿದರೆ ನೋವೂ ಗೊತ್ತಾಗುವುದಿಲ್ಲ, ರಕ್ತ ಮಾತ್ರ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ. ಹೊಗೆಸೊಪ್ಪು, ಸುಣ್ಣ ಬಟ್ಟೆಯಲ್ಲಿ ಕಟ್ಟಿ ಒಂದು ಕೋಲಿನ ತುದಿಗೆ ಸಿಕ್ಕಿಸಿಕೊಂಡರೆ ಮುಟ್ಟಿಸಿದ ಕೂಡಲೇ ಬಿದ್ದುಹೋಗುತ್ತದೆ. ಮಕ್ಕಳ ಪ್ಯಾಂಟಿನ ತುದಿ ಕಾಲುಚೀಲದೊಳಗೆ ಸೇರಿಸಿ. ರೆಸಾರ್ಟಿಗೆ ಹೋದರೂ ಇಂಬಳ ಇದೇ ಇಂಬಳ ಅತ್ತಿಗೆ, ಪೋಸ್ಟರಿನಲ್ಲಿ ಹಾಕಿಲ್ಲ ಅಷ್ಟೆ. ಆದರೆ ಒಂದು ಮಾತು. ಮಳೆಗಾಲದಲ್ಲಿ ಜಲಪಾತದ ಬುಡಕ್ಕೆ ಯಾರೂ ಇಳಿಯುವುದು ಬೇಡ. ಮೇಲೆ ಎಲ್ಲೋ ಸುರಿದ ಮಳೆ ಕ್ಷಣದಲ್ಲಿ ನೀರು ಏರಿಸುತ್ತದೆ, ಬಂಡೆ ಪಾಚಿ ಕಟ್ಟಿರುತ್ತದೆ. ಈ ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ.

ಅಮೆರಿಕದ ಅಣ್ಣ: ಮಂಗಳೂರಿನಿಂದ ಘಾಟಿ ಹತ್ತಬಹುದಾ? ಮಳೆಗಾಲದಲ್ಲಿ ಮುಚ್ಚುತ್ತಾರೆ ಅಂತ ಕೇಳಿದ್ದೆ.

ನಾನು: ಭಾರಿ ವಾಹನಗಳನ್ನು ಮಳೆಗಾಲದಲ್ಲಿ ನಿಲ್ಲಿಸುತ್ತಾರೆ. ಗುಡ್ಡ ಕುಸಿದರೆ ಎಲ್ಲವನ್ನೂ ನಿಲ್ಲಿಸಿದ್ದಿದೆ. ಕಾರಿನಲ್ಲಿ ಬಂದರೆ ಘಾಟಿಯ ಬುಡದ ಸೋಮೇಶ್ವರದಿಂದ ಹಗಲು ಹೊತ್ತಿನಲ್ಲೇ ಹತ್ತು ಅಣ್ಣ, ಹದಿನಾಲ್ಕು ತಿರುವು. ಹೊರಡುವ ಮುಂಚೆ ನನಗೆ ಫೋನ್ ಮಾಡು. ಬೆಂಗಳೂರಿನವರು ರಾತ್ರಿ ರೈಲಿನಲ್ಲಿ ಶಿವಮೊಗ್ಗಕ್ಕೆ ಬಂದು ಅಲ್ಲಿಂದ ಟಿಟಿ (ಟೆಂಪೋ ಟ್ರಾವೆಲರ್) ಮಾಡಿಕೊಂಡರೆ ಘಾಟಿಯ ತಾಪತ್ರಯವೇ ಇಲ್ಲ.

ದೊಡ್ಡಪ್ಪ: ನಾನು ಕೇಳಿದ್ದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ ಮಾರಾಯ್ತಿ. ಮಂಡಿ ಬಗ್ಗುವುದಿಲ್ಲ ನನಗೆ.

ನಾನು: ಕ್ಷಮಿಸಿ ದೊಡ್ಡಪ್ಪ. ಹೋಂಸ್ಟೇಯಲ್ಲಿ ಕೆಳಗಿನ ಒಂದು ಕೋಣೆಗೆ ಕಮೋಡ್ ಇರುವ ನೆನಪು. ನಾಳೆ ಕೇಳಿ ಖಚಿತ ಮಾಡುತ್ತೇನೆ. ಇದ್ದರೆ ಆ ಕೋಣೆ ನಿಮಗೇ.

ಈಗ ಅಡ್ವಾನ್ಸ್ ವಿಷಯ. ಚಿಕ್ಕಪ್ಪ, ರೆಸಾರ್ಟಿಗೆ ಒಂದು ಫೋನ್ ಮಾಡುತ್ತೀರಾ? ಎಷ್ಟು ವಾಪಸು ಬರುತ್ತದೋ ಬರಲಿ. ಉಳಿದಿದ್ದನ್ನು ಎಂಟು ಮನೆಯವರೂ ಸಮ ಹಂಚಿಕೊಳ್ಳೋಣ. ನೀವು ನಮ್ಮೆಲ್ಲರಿಗಾಗಿ ಕಟ್ಟಿದ್ದು.

ಅಮೆರಿಕದ ಅಣ್ಣ: ನನ್ನ ಪಾಲು ಈಗಲೇ ಹಾಕುತ್ತೇನೆ.

ಹುಬ್ಬಳ್ಳಿ ಭಾವ: ನನ್ನದೂ.

ಬೆಂಗಳೂರು ಚಿಕ್ಕಪ್ಪ: ಫೋನ್ ಮಾಡಿದೆ. ಹಾವು ಎಲ್ಲಿಂದ ತೋರಿಸುತ್ತೀರಿ ಅಂತಲೂ ಕೇಳಿದೆ. ನಮ್ಮ ಹುಡುಗನೊಬ್ಬ ಹಿಡಿದು ತರುತ್ತಾನೆ ಸಾರ್, ಅಂದರು. ನನಗೂ ಸರಿ ಕಾಣಲಿಲ್ಲ. 10,000 ವಾಪಸು ಕೊಡುತ್ತಾರಂತೆ. ಉಳಿದ 10,000, ಮನೆಗೆ 1,250 ಆಗುತ್ತದೆ.

ನಾನು: ಕಳಿಸಿದೆ ಚಿಕ್ಕಪ್ಪ. ಬೇಜಾರು ಮಾಡಿಕೊಳ್ಳಬೇಡಿ.

ಬೆಂಗಳೂರು ಚಿಕ್ಕಪ್ಪ: ಬೇಜಾರು ಆಗಿದ್ದು ಹೌದು. ಮುಂದಿನ ಸಲ ಕೇಳಿದ ಕೂಡಲೇ ಹೇಳಿ.

ಮೈಸೂರು ಅತ್ತಿಗೆ: ಪೂಲ್ ಇಲ್ಲ ಅಂತ ಮಕ್ಕಳಿಗೆ ನಾನು ಹೇಳುವುದಿಲ್ಲ. ನೀನೇ ಹೇಳಬೇಕು. ನನಗೆ ಇನ್ನೂ ಪೂರ್ತಿ ಮನಸ್ಸಿಲ್ಲ.

ನಾನು: ಬೆಳಿಗ್ಗೆ ವಿಡಿಯೋ ಕಾಲ್ ಮಾಡುತ್ತೇನೆ ಅತ್ತಿಗೆ. ಆ ನೊರೆ ಗೂಡಿನ ಫೋಟೋ ನನ್ನ ಹತ್ತಿರ ಇದೆ, ಮೊದಲು ಅದನ್ನು ತೋರಿಸುತ್ತೇನೆ.

ಬೆಂಗಳೂರು ಚಿಕ್ಕಪ್ಪ: ಟಿಟಿಯವನಿಗೆ ಮೇಗರವಳ್ಳಿ ತನಕ ಅಂತ ಹೇಳುತ್ತೇನೆ. ನಿನ್ನ ದೊಡ್ಡಪ್ಪನ ಕೋಣೆ ವಿಷಯ ನಾಳೆಯೇ ಕೇಳಿ ತಿಳಿಸು.